ಪರದೇಶದವರ ಮುಂದೆ ಮುಚ್ಚಿಟ್ಟ ಕೈ

ನಾನು ಓದಿದ್ದು ನಾಲ್ಕನೆಯ ಕ್ಲಾಸಿನವರೆಗೆ. ಕಸ ಬೇರೆ ಮಾಡುವ ಕೆಲಸಕ್ಕೆ ಅಷ್ಟೂ ಬೇಕಿಲ್ಲ. ಮೈಸೂರಿನ ಸಿದ್ಧಾರ್ಥನಗರ ಮತ್ತು ಉದಯಗಿರಿಯ ಮನೆಗಳ ಒಣ ಕಸ ಬಂದು ಬೀಳುವ ಶೆಡ್ಡಿನಲ್ಲಿ ಹತ್ತು ವರ್ಷಕ್ಕೂ ಮೇಲಾಯಿತು, ಅದೇ ಉದ್ದ ಮೇಜಿನ ಮುಂದೆ ನಿಂತಿದ್ದೇನೆ. ಹಾಲಿನ ಕವರು ಒಂದು ಕಡೆ, ಬಾಟಲಿ ಒಂದು ಕಡೆ, ರಟ್ಟು ಒಂದು ಕಡೆ, ಹರಿದ ಚಪ್ಪಲಿ ಇನ್ನೊಂದು ಕಡೆ. ಯಾವ ಬೀದಿಯಲ್ಲಿ ಮದುವೆ ಆಯಿತು, ಯಾವ ಮನೆಯಲ್ಲಿ ಮಗು ಹುಟ್ಟಿತು, ಯಾರ ಮನೆಯಲ್ಲಿ ಕದ್ದು ಕುಡಿಯುತ್ತಾರೆ ಎಂಬುದೆಲ್ಲ ಆ ಮೇಜಿನ ಮೇಲೆ ಗೊತ್ತಾಗುತ್ತದೆ. ಗೊತ್ತಾದದ್ದನ್ನು ಹೊರಗೆ ಹೇಳುವುದಿಲ್ಲ.

ಶೆಡ್ಡಿನಲ್ಲಿ ನಾವು ಎಂಟು ಜನ ಹೆಂಗಸರು. ನನ್ನ ಪಕ್ಕದಲ್ಲಿ ನಿಲ್ಲುತ್ತಿದ್ದವಳು ಉದಯಗಿರಿಯವಳು. ಮೂವತ್ತೈದರ ಆಸುಪಾಸು. ಗಂಡ ಸ್ಕೂಟರ್ ರಿಪೇರಿ ಮಾಡುತ್ತಾನೆ. ನಮ್ಮಲ್ಲೆಲ್ಲ ಅವಳ ಕೈಯೇ ಚುರುಕು. ಮುಖ ಈ ಕಡೆ ಮಾಡಿ ನನ್ನ ಜೊತೆ ಮಾತಾಡುತ್ತಿದ್ದರೂ ಬೆರಳಿಗೆ ಸಿಕ್ಕಿದ ಪ್ಲಾಸ್ಟಿಕ್ ಯಾವ ಬುಟ್ಟಿಗೆ ಹೋಗಬೇಕೋ ಅಲ್ಲಿಗೇ ಬೀಳುತ್ತಿತ್ತು. ಗ್ಲೌಸು ಹಾಕಿಕೊಂಡರೆ ಬೆರಳಿಗೆ ತಿಳಿಯುವುದಿಲ್ಲ ಎಂದು ತೆಗೆದುಬಿಡುತ್ತಿದ್ದಳು. ನಾನು ಬೈಯುತ್ತಿದ್ದೆ. ಬೈದು ಏನು ಪ್ರಯೋಜನ, ಕೊಡುತ್ತಿದ್ದ ಗ್ಲೌಸು ಎರಡನೆಯ ದಿನಕ್ಕೇ ಹೆಬ್ಬೆರಳಲ್ಲಿ ಹರಿಯುತ್ತಿತ್ತು. ನನ್ನವೂ ಹರಿದೇ ಇರುತ್ತಿದ್ದವು.

ನಮಗೆ ನಾತ ತೊಂದರೆಯಲ್ಲ. ಮೂಗಿಗೆ ಒಂದು ತಿಂಗಳಲ್ಲಿ ಅಭ್ಯಾಸವಾಗುತ್ತದೆ. ತೊಂದರೆ ಇದ್ದದ್ದು ಸೂಜಿಯದು. ಎರಡು ಮೂರು ಸಣ್ಣ ಕ್ಲಿನಿಕ್ಕುಗಳಿರುವ ಒಂದು ಬೀದಿಯಿಂದ ಬರುವ ಮೂಟೆಯಲ್ಲಿ ಇಂಜೆಕ್ಷನ್ ಸೂಜಿಗಳು ಬೆರೆತು ಬರುತ್ತಿದ್ದವು. ಆ ಕಸಕ್ಕೆ ಬೇರೆ ಗಾಡಿ ಇದೆ, ಬೇರೆ ಚೀಲ ಇದೆ, ಕಾನೂನೂ ಇದೆಯಂತೆ. ಆದರೂ ನಮ್ಮ ಮೇಜಿಗೇ ಬರುತ್ತಿದ್ದವು. ಕಾರ್ಪೊರೇಷನ್ ಕಚೇರಿಗೆ ಮೂರು ಸಲ ಅರ್ಜಿ ಕೊಟ್ಟೆವು. ನಾನೇ ಕೈಯಾರೆ ಬರೆದೆ, ಕಾಗುಣಿತ ತಪ್ಪಿದ್ದರೂ ಸೂಜಿ ಅನ್ನುವ ಮಾತು ಸರಿಯಾಗಿಯೇ ಇತ್ತು.

ಹೋದ ವರ್ಷ ಒಂದು ಬೆಳಿಗ್ಗೆ ನಮ್ಮ ಕಡೆಯ ಹೆಲ್ತ್ ಇನ್‌ಸ್ಪೆಕ್ಟರು ಬಂದರು. ಕೆಟ್ಟ ಮನುಷ್ಯನಲ್ಲ. ಮೇಲಿನವರಿಗೆ ಹೆದರುವವನು, ಅಷ್ಟೆ.

"ಅಜ್ಜಿ, ಮುಂದಿನ ವಾರ ಏಳೆಂಟು ದೇಶದ ಅಧಿಕಾರಿಗಳು ನಮ್ಮ ಶೆಡ್ ನೋಡೋಕೆ ಬರ್ತಾ ಇದಾರೆ" ಎಂದರು.

"ನಮ್ಗೆ ಕಲ್ಸೋಕಾ ಸ್ವಾಮಿ?"

"ಅಲ್ಲ ಕಣ್ರೀ, ಕಲಿಯೋಕೆ. ಅವೂ ನಮ್ಮಂಥ ದೇಶಗಳೇ. ಮೈಸೂರಲ್ಲಿ ಕಸ ಎಂಗೆ ನೋಡ್ಕೋತಾರೆ ಅಂತ ನೋಡ್ಕಂಡು ಹೋಗಿ ಅಲ್ಲಿ ಅಂಗೇ ಮಾಡ್ತಾರಂತೆ. ಜೊತೆಗೆ ದುಡ್ಡು ಕೊಡೋ ದೊಡ್ಡ ದೇಶದವರೂ ಇಬ್ರು ಇರ್ತಾರೆ. ಅವರಿಗೆ ಮನಸ್ಸಿಗೆ ಬಂದ್ರೆ ಒಂದು ಮಿಷೀನು ಸಿಕ್ಕತ್ತೆ."

"ಮಿಷೀನು ಸೂಜಿ ಆರಿಸ್ತದಾ?"

"ಅಯ್ಯೋ ಅಜ್ಜಿ, ಆವತ್ತೊಂದು ದಿನ ಸೂಜಿ ಕತೆ ಬುಟ್ಬುಡಿ."

ಉದಯಗಿರಿಯವಳು ನಕ್ಕಳು. "ಸಾರ್, ಆವತ್ತು ಅಜ್ಜಿ ಬಾಯಿಗೆ ಟೇಪ್ ಅಂಟಿಸಿ ನಿಲ್ಲಿಸ್ತೀನಿ ಬಿಡಿ."

ಆ ವಾರ ಶೆಡ್ಡಿಗೆ ಸುಣ್ಣ ಬಳಿದರು. ಹಿಂದಿನ ಗೋಡೆ ಬಿರುಕು ಬಿಟ್ಟಿತ್ತು, ಅದರ ಮುಂದೆ ದೊಡ್ಡ ಬ್ಯಾನರ್ ಕಟ್ಟಿದರು. ಸುಸ್ಥಿರ ಅಭಿವೃದ್ಧಿ ಎಂದು ಬರೆದಿತ್ತು. ಕೂಡಿಸಿ ಕೂಡಿಸಿ ಓದಿದೆ, ಅರ್ಥ ಕೇಳಿದೆ. ಇವತ್ತು ನಾವು ತಿಂದು ನಾಳೆಯವರಿಗೂ ಉಳಿಸುವುದು ಎಂದರು ಇನ್‌ಸ್ಪೆಕ್ಟರು. ಹಾಗಿದ್ದರೆ ಅದು ನಮ್ಮ ಮನೆಗಳಲ್ಲಿ ಹೆಂಗಸರು ದಿನಾ ಮಾಡುವುದೇ ಎಂದುಕೊಂಡೆ.

ನಿಜ ಹೇಳಬೇಕೆಂದರೆ ನಾವು ಎಂಟು ಜನರೂ ಅದನ್ನು ಹೆಣ್ಣು ನೋಡುವ ಶಾಸ್ತ್ರದ ಹಾಗೆ ಹಿಡಿದೆವು. ಗಂಡಿನ ಕಡೆಯವರು ಬರುತ್ತಾರೆಂದರೆ ನಮ್ಮಲ್ಲಿ ಪಕ್ಕದ ಮನೆಯ ಕುರ್ಚಿ ತರುತ್ತೇವೆ, ಸೋರುವ ಕಡೆ ಸೀರೆ ಇಳಿಬಿಡುತ್ತೇವೆ, ಅವತ್ತು ಹುಡುಗಿಗೆ ಜ್ವರ ಇದ್ದರೂ ಮುಖಕ್ಕೆ ಪೌಡರ್ ಹಾಕಿ ಕೂರಿಸುತ್ತೇವೆ. ಬಂದವರು ಏನಾದರೂ ತೊಂದರೆ ಇದೆಯೇ ಎಂದರೆ ಎಲ್ಲ ಚೆನ್ನಾಗಿದೆ, ನಿಮ್ಮ ಆಶೀರ್ವಾದ ಎನ್ನುತ್ತೇವೆ. ಇದನ್ನು ಯಾರೂ ನಮಗೆ ಕಲಿಸಿರಲಿಲ್ಲ. ಯಾರೂ ಹೀಗೇ ಮಾಡಿ ಎಂದು ಹೆದರಿಸಲೂ ಇಲ್ಲ.

ಅವರು ಬರುವುದಕ್ಕೆ ಎರಡು ದಿನ ಮುಂಚೆ, ಆ ಕ್ಲಿನಿಕ್ಕುಗಳ ಬೀದಿಯ ಮೂಟೆಯಲ್ಲಿ ಒಂದು ಸ್ವೀಟಿನ ಡಬ್ಬಿ ಬಂತು. ದಾರ ಕಟ್ಟಿತ್ತು. ಉದಯಗಿರಿಯವಳು ರಟ್ಟು ಎಂದು ಹಿಡಿದು ಅಮುಕಿದಳು. ಒಳಗೆ ತುಂಬ ಸೂಜಿ. ಒಂದು ಸೂಜಿ ಡಬ್ಬಿಯನ್ನು ತೂತು ಮಾಡಿಕೊಂಡು ಅವಳ ಹೆಬ್ಬೆರಳಿನ ಬುಡಕ್ಕೆ ಇಳಿಯಿತು. ಕಿತ್ತು ಬಿಸಾಕಿ, "ಹರಾಮಿಗಳು" ಎಂದಳು. ಸೋಪು ಹಾಕಿ ತೊಳೆದೆ. ನನ್ನ ಊಟದ ಡಬ್ಬಿಯ ಮೇಲಿನ ಬಟ್ಟೆ ಹರಿದು ಕಟ್ಟಿದೆ. ಇನ್‌ಸ್ಪೆಕ್ಟರಿಗೆ ತೋರಿಸಿದೆ.

"ಇದೊಂದು ಫಂಕ್ಷನ್ ಮುಗೀಲಿ ಅಜ್ಜಿ, ನಾನೇ ಆಸ್ಪತ್ರೆಗೆ ಕಳಿಸ್ತೀನಿ" ಎಂದರು.

"ಬಿಡಿ ಸಾರ್, ಇದು ಐದನೇ ಸಲ. ನಾಕು ಸಲ ಏನಾಯ್ತು?" ಎಂದು ಅವಳೇ ಕೈ ಹಿಂದಕ್ಕೆ ಎಳೆದುಕೊಂಡಳು. ನಾನೂ ಬಲವಂತ ಮಾಡಲಿಲ್ಲ. ಒಂದು ದಿನದ ಕೆಲಸ ಬಿಟ್ಟು ಅವಳನ್ನು ಆಟೋ ಹತ್ತಿಸಿಕೊಂಡು ಹೋಗಬಹುದಿತ್ತು. ಹೋಗಲಿಲ್ಲ.

ಅವರು ಬರುವ ದಿನ ಬೆಳಿಗ್ಗೆ ನಿಜವಾದ ಕಸದ ಗಾಡಿಗಳನ್ನು ಬೇರೆ ಕಡೆ ತಿರುಗಿಸಿದರು. ನಮ್ಮ ಮೇಜಿಗೆ ತೊಳೆದ ಬಾಟಲಿ, ಮಡಿಚಿದ ರಟ್ಟು, ಒಣಗಿದ ಹಾಲಿನ ಕವರು ತಂದು ಸುರಿದರು. ಅಷ್ಟು ಚೆಂದದ ಕಸವನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ನಮಗೆಲ್ಲ ಹಸಿರು ಕೋಟು, ಹೊಸ ದಪ್ಪ ಗ್ಲೌಸು ಕೊಟ್ಟರು. ಉದಯಗಿರಿಯವಳ ಕೈ ಊದಿತ್ತು, ಬಲಗೈ ಗ್ಲೌಸಿನೊಳಗೆ ಹೋಗಲಿಲ್ಲ. ಕಟ್ಟಿದ ಬಟ್ಟೆ ಹಾಗೇ ಕಾಣುತ್ತಿತ್ತು.

"ಕೈ ಮುಚ್ಕೊಳ್ಳೆ" ಎಂದೆ ನಾನು. "ಬಂದೋರ ಕಣ್ಣಿಗೆ ಮೊದ್ಲು ಅದೇ ಬೀಳ್ತದೆ."

ಅವಳು ದುಪಟ್ಟಾದ ತುದಿಯನ್ನು ಕೈಗೆ ಸುತ್ತಿಕೊಂಡು ನನ್ನ ಹಿಂದೆ ನಿಂತಳು. ಆ ಮಾತು ಹೇಳಿದ್ದು ಇನ್‌ಸ್ಪೆಕ್ಟರಲ್ಲ, ಮೇಲಿನ ಅಧಿಕಾರಿಯಲ್ಲ. ನಾನು.

ಬಸ್ಸು ಬಂತು. ಇಪ್ಪತ್ತು ಜನ ಇಳಿದರು. ಆರತಿ ಆಯಿತು, ಹೂವಿನ ಹಾರ ಆಯಿತು, ಮೈಸೂರು ಪಾಕು ಆಯಿತು. ದುಡ್ಡು ಕೊಡುವ ದೇಶದ ಇಬ್ಬರು ಸುಮ್ಮನೆ ಫೋಟೊ ತೆಗೆದುಕೊಂಡರು. ಒಬ್ಬ ಹೆಂಗಸು ಮಾತ್ರ ನೇರವಾಗಿ ಮೇಜಿನ ಹತ್ತಿರ ಬಂದಳು. ಆಫ್ರಿಕಾ ಕಡೆಯ ಒಂದು ದೇಶದವಳಂತೆ. ನನಗಿಂತ ಕಪ್ಪು, ನನ್ನಷ್ಟೇ ಗಟ್ಟಿಮುಟ್ಟು, ತಲೆಗೆ ಹೂವಿನ ಬಟ್ಟೆ ಸುತ್ತಿಕೊಂಡಿದ್ದಳು. ಅವಳ ಮಾತನ್ನು ಕನ್ನಡದಲ್ಲಿ ಹೇಳಲು ಕಾಲೇಜಿನ ಮೇಡಂ ಒಬ್ಬರು ಜೊತೆಗಿದ್ದರು.

ಅವಳು ನನ್ನ ಗ್ಲೌಸು ಎಳೆದು ತೆಗೆದು ಅಂಗೈ ತಿರುಗಿಸಿ ನೋಡಿದಳು. ಬೆರಳ ಸಂದಿಯ ಹಳೆಯ ಗಾಯಗಳನ್ನು ಒಂದೊಂದಾಗಿ ಮುಟ್ಟಿದಳು. ಏನೋ ಕೇಳಿದಳು.

ಮೇಡಂ ಹೇಳಿದರು: "ಇವರು ತಮ್ಮ ದೇಶದಲ್ಲಿ ಡಾಕ್ಟರು. ಅಲ್ಲಿ ಕಸ ಆರಿಸುವ ಹೆಂಗಸರಿಗೆ ಸೂಜಿ ಚುಚ್ಚಿ ಕಾಯಿಲೆ ಬರುತ್ತದಂತೆ. ಇಲ್ಲಿ ನಿಮಗೆ ಸೂಜಿ ಚುಚ್ಚುವುದಿಲ್ಲವೇ ಎಂದು ಕೇಳುತ್ತಿದ್ದಾರೆ."

ಮೂರು ಸಲ ಅರ್ಜಿ ಬರೆದವಳು ನಾನು. ಅತ್ತೆಗೆ ಎದುರು ಮಾತಾಡಿದವಳು, ಗಂಡ ಕುಡಿದು ಬಂದರೆ ಬಾಗಿಲು ತೆಗೆಯದವಳು. ನನ್ನ ಹಿಂದೆ ಎರಡು ಅಡಿ ದೂರದಲ್ಲಿ ಊದಿದ ಕೈ ದುಪಟ್ಟಾದೊಳಗಿತ್ತು. ಇನ್‌ಸ್ಪೆಕ್ಟರು ನನ್ನ ಮುಖ ನೋಡಲಿಲ್ಲ, ನೆಲ ನೋಡುತ್ತಿದ್ದರು. ಬಾಯಿ ಬಿಟ್ಟೆ.

"ಇಲ್ಲ ತಾಯಿ. ಇಲ್ಲಿ ಅದೆಲ್ಲ ಇಲ್ಲ."

"ಏನಾದರೂ ಬೇಕಾಗಿದೆಯೇ ಎಂದು ಕೇಳುತ್ತಿದ್ದಾರೆ. ಬರೆದುಕೊಳ್ಳುತ್ತಾರಂತೆ."

"ಏನೂ ಕಮ್ಮಿಯಿಲ್ಲ ಅನ್ನಿ. ಎಲ್ಲ ಚೆನ್ನಾಗ್ ನೋಡ್ಕೋತಾರೆ. ಊಟ ಮಾಡ್ಕಂಡು ಹೋಗ್ಲಿ."

ಆ ಡಾಕ್ಟರು ಸ್ವಲ್ಪ ಹೊತ್ತು ನನ್ನ ಅಂಗೈ ಹಿಡಿದುಕೊಂಡೇ ಇದ್ದಳು. ನಂಬಿದಳೋ ಇಲ್ಲವೋ ಗೊತ್ತಾಗಲಿಲ್ಲ. ಬಸ್ಸಿನಿಂದ ಯಾರೋ ಕರೆದರು. ಅವರನ್ನು ಚಾಮುಂಡಿ ಬೆಟ್ಟಕ್ಕೆ ಕರೆದುಕೊಂಡು ಹೋಗಬೇಕಿತ್ತು, ಹೊತ್ತಾಗಿತ್ತು.

ಬಸ್ಸು ಹೋದ ಮೇಲೆ ಇನ್‌ಸ್ಪೆಕ್ಟರು ಕೈ ಮುಗಿದರು. "ಮಾನ ಉಳಿಸಿದ್ರಿ ಅಜ್ಜಿ." ನನಗೆ ಹೆಮ್ಮೆಯೇ ಆಯಿತು. ಅದನ್ನು ಮುಚ್ಚಿಡುವುದಿಲ್ಲ. ಉಳಿದ ಮೈಸೂರು ಪಾಕು ಹಂಚಿಕೊಂಡು ತಿಂದೆವು. ಉದಯಗಿರಿಯವಳು ಎಡಗೈಯಲ್ಲಿ ತಿನ್ನುತ್ತ, "ಟೇಪೇ ಬೇಕಾಗ್ಲಿಲ್ಲ" ಎಂದು ನಕ್ಕಳು. ಆಸ್ಪತ್ರೆಯ ಮಾತು ಯಾರೂ ಎತ್ತಲಿಲ್ಲ. ಒಂದು ವಾರದಲ್ಲಿ ಊತ ಇಳಿಯಿತು. ದಪ್ಪ ಗ್ಲೌಸನ್ನು ಇನ್ನೊಂದು ಶೆಡ್ಡಿಗೆ ಬೇಕೆಂದು ವಾಪಸು ತೆಗೆದುಕೊಂಡು ಹೋದರು.

ಮೂರು ತಿಂಗಳಾದ ಮೇಲೆ ಅವಳು ಮೇಜಿಗೆ ಒರಗಿ ನಿಲ್ಲುವುದಕ್ಕೆ ಶುರು ಮಾಡಿದಳು. ಊಟ ಬೇಡ ಎನ್ನುತ್ತಿದ್ದಳು. ಒಂದು ದಿನ ಬಿಸಿಲಿಗೆ ಬಂದಾಗ ಕಣ್ಣು ನೋಡಿದೆ, ಹಳದಿ. ಕಾಮಾಲೆಗೆ ಸೊಪ್ಪಿನ ಔಷಧಿ ಕೊಡುವವರ ಹತ್ತಿರ ಗಂಡ ಕರೆದುಕೊಂಡು ಹೋದ. ಮೂರು ವಾರ ಸೊಪ್ಪು ಕುಡಿದಳು, ಪಥ್ಯ ಮಾಡಿದಳು, ಇನ್ನೂ ಸೊರಗಿಹೋದಳು. ಆಮೇಲೆ ದೊಡ್ಡ ಆಸ್ಪತ್ರೆ. ಅಲ್ಲಿಗೆ ನಾನೂ ಹೋಗಿದ್ದೆ. ರಕ್ತ ನೋಡಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಕೇಳಿದರು:

"ಯಾವಾಗಾದ್ರೂ ಸೂಜಿ ಚುಚ್ಚಿತ್ತಾ?"

ಹೇಳಿದೆವು.

"ಆವತ್ತೋ ಎರಡು ಮೂರು ದಿನದೊಳಗೋ ಬಂದಿದ್ರೆ ಇಂಜೆಕ್ಷನ್ ಇತ್ತಲ್ಲಮ್ಮ. ಬರೋದೇ ತಪ್ಪೋ ಸಾಧ್ಯತೆ ಇತ್ತು. ಯಾವ ಡಾಕ್ಟರಿಗೂ ತೋರಿಸ್ಲಿಲ್ವಾ?"

ಅವಳು ನನ್ನನ್ನು ನೋಡಲಿಲ್ಲ. ನಾನೂ ಅವಳನ್ನು ನೋಡಲಿಲ್ಲ. ಚುಚ್ಚಿದ ಎರಡು ದಿನಕ್ಕೇ ಒಬ್ಬ ಡಾಕ್ಟರು ಸಮುದ್ರ ದಾಟಿಕೊಂಡು ಬಂದು ಅದನ್ನೇ ಬಾಯಿಬಿಟ್ಟು ಕೇಳಿದ್ದಳು ಎಂದು ಆ ಹುಡುಗಿಗೆ ಹೇಗೆ ಹೇಳುವುದು.

ಸೂಜಿಯ ರಕ್ತದಿಂದ ಬರುವ ಲಿವರಿನ ಕಾಯಿಲೆಯಂತೆ. ಹೋಗುವುದಿಲ್ಲವಂತೆ, ಒಳಗೇ ಇರುತ್ತದಂತೆ. ಮಾತ್ರೆ ನಿಲ್ಲಿಸುವ ಹಾಗಿಲ್ಲ. ಲಿವರ್ ಆಗಲೇ ಅರ್ಧ ಕೆಟ್ಟಿದೆ ಎಂದರು.

ಮಾರನೆಯ ದಿನ ನಾನು ಕಚೇರಿಗೆ ಹೋದೆ. ಪರದೇಶದವರು ಬರೆದುಕೊಂಡು ಹೋದದ್ದನ್ನು ತಿದ್ದಬೇಕು, ಅಜ್ಜಿ ಸುಳ್ಳು ಹೇಳಿದಳು ಎಂದು ಬರೆದು ಕಳಿಸಿ ಎಂದು ಕೇಳಿದೆ. ಇನ್‌ಸ್ಪೆಕ್ಟರು ನನ್ನನ್ನು ಹೊರಗಿನ ಬೆಂಚಿಗೆ ಕರೆದುಕೊಂಡು ಬಂದರು.

"ಅಜ್ಜಿ, ಅದೆಲ್ಲ ಮೇಲೆ ಮೇಲೆ ಹೋಗಿ ಮುಗಿದಿದೆ. ಮೀಟಿಂಗಲ್ಲಿ ನಮ್ಮ ಶೆಡ್ ಮಾದರಿ ಅಂತ ಹೊಗಳಿದಾರೆ. ಈಗ ತಿದ್ದಿದ್ರೆ ಮರ್ಯಾದೆ ಹೋಗತ್ತೆ."

"ಯಾರ ಮರ್ಯಾದೆ?"

"ದೇಶದ್ದು ಕಣ್ರೀ."

"ದೇಶಕ್ಕೆ ಕಾಮಾಲೆ ಬಂದಿಲ್ಲವಲ್ಲ ಸ್ವಾಮಿ."

ಅವರು ಮಿಷೀನಿನ ವಿಷಯ ಎತ್ತಿದರು. ಅದು ಬೇರೆ ಊರಿಗೆ ಹೋಯಿತಂತೆ. ಬಂದವರು ಗ್ಲೌಸೂ ಲಸಿಕೆಯೂ ಕೊಡುವ ಪಟ್ಟಿಯೊಂದು ಇತ್ತಂತೆ, ನಮ್ಮ ಹೆಸರಿನ ಮುಂದೆ ಏನೂ ಬೇಡ ಎಂದು ಬರೆದಿದ್ದರಿಂದ ಅದೂ ಬರಲಿಲ್ಲ. ನಮ್ಮ ಅರ್ಜಿಗಳು ಎಲ್ಲಿ ಎಂದು ಕೇಳಿದೆ. ಫೈಲಿನಲ್ಲಿ ಇವೆ ಎಂದರು.

ದೊಡ್ಡವರ ಮೇಲೆ ತಪ್ಪು ಹೊರಿಸುವುದು ಸುಲಭ, ಅವರದೂ ತಪ್ಪೇ. ಆದರೆ ಬೇಕು ಎಂದು ಹೇಳುವ ಬಾಯಿ ಆ ದಿನ ಒಂದೇ ಇತ್ತು, ಅದು ನನ್ನದು. ಆಫ್ರಿಕಾದ ಆ ಹೆಂಗಸೂ ನೆನಪಾಗುತ್ತಾಳೆ. ಅವಳು ಊರಿಗೆ ಹೋಗಿ, ಮೈಸೂರಿನಲ್ಲಿ ಹೀಗೆ ಮೇಜು ಹಾಕಿ ಆರಿಸುತ್ತಾರೆ, ಯಾರಿಗೂ ಚುಚ್ಚುವುದಿಲ್ಲ ಎಂದು ಹೇಳಿರಬಹುದು. ಅಲ್ಲಿಯೂ ಒಂದು ಮೇಜು ಹಾಕಿ ಹೆಂಗಸರನ್ನು ನಿಲ್ಲಿಸಿರಬಹುದು. ಯಾರ ಕೈಗೆ ಏನಾಯಿತೋ.

ಹೋದ ತಿಂಗಳು ಉದಯಗಿರಿಗೆ ಹೋದೆ. ಅವಳು ಬಾಗಿಲ ಹತ್ತಿರ ಚಾಪೆಯ ಮೇಲೆ ಒರಗಿದ್ದಳು. ಹೊಟ್ಟೆ ಊದಿತ್ತು, ಕೈ ಕಡ್ಡಿಯಾಗಿತ್ತು. ಅವಳ ತಟ್ಟೆ ಲೋಟ ಬೇರೆ ಇಟ್ಟಿದ್ದರು. ತಟ್ಟೆಯಿಂದ ಅಂಟುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದನ್ನು ಆ ಮನೆಯಲ್ಲಿ ಯಾರೂ ನಂಬಿರಲಿಲ್ಲ. ನಾನು ಸುತ್ತಿ ಬಳಸಿ ಮಾತಾಡಲಿಲ್ಲ.

"ಆವತ್ತು ಕೈ ಮುಚ್ಕೋ ಅಂದೋಳು ನಾನು. ತೋರ್ಸಿದ್ರೆ ನೀನು ಉಳೀತಿದ್ದೆ."

"ಗೊತ್ತು ಅಜ್ಜಿ" ಎಂದಳು. ಪರವಾಗಿಲ್ಲ ಎನ್ನಲಿಲ್ಲ. ಎನ್ನಬೇಕಾಗಿಯೂ ಇರಲಿಲ್ಲ. ಆಮೇಲೆ ಕೇಳಿದಳು:

"ಆ ಬೀದಿ ಮೂಟೆ ಈಗ್ಲೂ ಬರುತ್ತಾ?"

"ಬರ್ತದೆ."

"ಸೂಜಿ?"

"ಅವೂ ಬರ್ತವೆ."

"ಸೋಮವಾರದಿಂದ ನನ್ನ ನಾದಿನಿ ಬರ್ತಾಳೆ ನನ್ನ ಜಾಗಕ್ಕೆ. ಎರಡು ಮಕ್ಕಳ ತಾಯಿ. ನಿಮ್ಮ ಪಕ್ಕ ನಿಲ್ಲಿಸ್ಕೊಳ್ಳಿ" ಎಂದಳು. ಗೋಡೆಯ ಕಡೆ ತಿರುಗಿಕೊಂಡಳು.

ನಾದಿನಿ ಬಂದಿದ್ದಾಳೆ. ಕೆಲಸ ನಿಧಾನ, ಬಾಯಿ ಜೋರು. ಆ ಬೀದಿಯ ಮೂಟೆಯನ್ನು ಈಗ ನಾನು ಯಾರಿಗೂ ಮುಟ್ಟಲು ಬಿಡುವುದಿಲ್ಲ. ಮೂಲೆಗೆ ಎಳೆದುಕೊಂಡು ಹೋಗಿ, ಒಲೆಯ ಇಕ್ಕಳದಲ್ಲಿ ಒಂದೊಂದನ್ನೇ ಎತ್ತಿ ತಗಡಿನ ಡಬ್ಬಕ್ಕೆ ಹಾಕುತ್ತೇನೆ. ಅರ್ಧ ದಿನ ಹಿಡಿಯುತ್ತದೆ. "ಅಜ್ಜಿ, ನಿಮ್ಗೂ ಚುಚ್ಚತ್ತೆ, ಕೊಡಿ ಈ ಕಡೆ" ಎನ್ನುತ್ತಾಳೆ ನಾದಿನಿ.

"ಹೋಗೇ, ನಿನ್ ಬಾಟ್ಲಿ ನೋಡ್ಕೋ ಹೋಗು" ಎನ್ನುತ್ತೇನೆ.

ನಾಲ್ಕನೆಯ ಅರ್ಜಿ ಬರೆದು ಕೊಟ್ಟಿದ್ದೇನೆ. ಇನ್ನೂ ಏನೂ ಆಗಿಲ್ಲ.