ಅಂಟಿನ ಕೆಳಗಿನ ದಾರ

ಕೋಲಮ್ಮನ ಮುತ್ತಜ್ಜ ಮಂಜುಗಡ್ಡೆ ಹೊರುವವನು. ಗಡ್ಡೆಯನ್ನು ಮರದ ಹೊಟ್ಟಿನಲ್ಲಿ ಹೊರಳಿಸಿ, ಗೋಣಿ ಸುತ್ತಿ, ಬೆನ್ನಿಗೇರಿಸಿ ಉರಿಬಿಸಿಲಲ್ಲಿ ಊರ ಈ ತುದಿಯಿಂದ ಆ ತುದಿಗೆ ನಡೆದರೂ ಇಳಿಸುವಾಗ ಒಂದು ಮುಷ್ಟಿಯಷ್ಟೂ ಕರಗಿರುತ್ತಿರಲಿಲ್ಲ. ಅವನ ಮಗ ಐಸ್ ಕಾರ್ಖಾನೆಯಲ್ಲಿ ಗರಗಸ ಹಿಡಿದವನು. ಕಾರ್ಖಾನೆಯ ಮಾಡು ಕುಸಿದ ದಿನ ಜೊತೆಗಾರರಿಬ್ಬರನ್ನು ಎರಡು ಕಂಕುಳಲ್ಲಿ ಇರುಕಿಕೊಂಡು ಹೊರಗೆ ಬಂದ. ಮತ್ತೆ ಒಳಗೆ ಹೋಗಿ ಗರಗಸವನ್ನೂ ತಂದ. ಅವನ ಮಗ, ಅಂದರೆ ಕೋಲಮ್ಮನ ಅಪ್ಪ, ಹಣ್ಣಿನ ಕಂಪನಿಯ ಕೋಲ್ಡ್ ಸ್ಟೋರೇಜನ್ನು ಇಪ್ಪತ್ತಾರು ವರ್ಷ ನೋಡಿಕೊಂಡ ಮೆಕ್ಯಾನಿಕ್. ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಮೊಳದುದ್ದದ ಮರದ ಕೋಲಿನ ಒಂದು ತುದಿಯನ್ನು ಕಂಪ್ರೆಸರಿಗೆ ಆನಿಸಿ, ಇನ್ನೊಂದನ್ನು ಕಿವಿಗೆ ಹಚ್ಚಿ, ನಾಡಿ ಹಿಡಿದವರ ಹಾಗೆ ಒಳಗಿನ ಕಾಯಿಲೆ ಹೇಳುತ್ತಿದ್ದ.

ಆ ಕೋಲು ಈಗ ಅವನ ಕಿರಿಮಗಳ ಕೈಯಲ್ಲಿದೆ. ಅದಕ್ಕೇ ಅವಳು ಕೋಲಮ್ಮ. ವಯಸ್ಸು ಐವತ್ತು. ಮನೆಮನೆಯ ಫ್ರಿಜ್ಜು, ಫ್ರೀಜರುಗಳ ರಿಪೇರಿ ಅವಳ ಕಸುಬು. ಅಪ್ಪ ಬಿಟ್ಟುಹೋದ ತಗಡಿನ ಪೆಟ್ಟಿಗೆಯಲ್ಲಿ ಕೋಲಿನ ಜೊತೆ ಇನ್ನೊಂದು ವಸ್ತುವಿತ್ತು. ಹಳೇ ಬಟ್ಟೆಯಲ್ಲಿ ಸುತ್ತಿದ ಗೇಣುದ್ದದ ತಾಮ್ರದ ಪೈಪು. ಅದನ್ನು ಅವಳು ಯಾರಿಗೂ ತೋರಿಸಿರಲಿಲ್ಲ.

ಮೂವತ್ತೊಂದು ವರ್ಷದ ಹಿಂದೆ, ಅಕ್ಕನ ಮದುವೆಯಾಗಿ ಮೂರು ತಿಂಗಳಾಗಿತ್ತು. ಭಾವ ಅಪ್ಪನ ಕೈಕೆಳಗೇ ಕೆಲಸ ಕಲಿತವನು. ಕೈ ಚುರುಕು, ಬಾಯಿ ಇನ್ನೂ ಚುರುಕು, ತಾಳ್ಮೆ ಮಾತ್ರ ಸೊನ್ನೆ. ಪೈಪಿಗೆ ಕಟ್ಟಿದ ಮಂಜು ತಾನಾಗಿ ಕರಗಲಿ ಎಂದು ಅಪ್ಪ ಯಂತ್ರ ನಿಲ್ಲಿಸಿ ಬಿಸಿನೀರಿಟ್ಟು ಕೂತರೆ, ಅಳಿಯ ಸ್ಕ್ರೂಡ್ರೈವರಿನಿಂದ ಕುಟ್ಟಿ ಎಬ್ಬಿಸುತ್ತಿದ್ದ. ಒಂದು ದಿನ ಕೋಲ್ಡ್ ಸ್ಟೋರೇಜು ತಂಪಾಗುವುದನ್ನೇ ಮರೆಯಿತು. ಕೋಣೆ ತುಂಬ ಹಣ್ಣು ಕೊಳೆತು ನಾರಿತು. "ಮಾವನೇ ಮಂಜು ಕೆರೆಯೋಕೆ ಹೋಗಿ ಪೈಪು ತೂತು ಮಾಡಿದ್ರು. ವಯಸ್ಸಾಯ್ತಲ್ಲ, ಕೈ ನಡುಗುತ್ತೆ" ಎಂದು ಅಳಿಯ ಸೂಪರ್‌ವೈಸರನ ಕಿವಿಯಲ್ಲಿ ಊದಿದ. ಸೂಪರ್‌ವೈಸರ್ ಅಪ್ಪನನ್ನು ಒಂದು ಮಾತೂ ಕೇಳದೆ ಬಾಗಿಲು ತೋರಿಸಿದ.

ಹೊರಡುವ ಮುಂಚೆ ಅಪ್ಪ ತೂತಾದ ತುಂಡನ್ನು ಕತ್ತರಿಸಿ ತೆಗೆದು, ಹೊಸದು ಬೆಸೆದು, ಯಂತ್ರ ಸರಿಮಾಡಿಯೇ ಹೊರಟ. ಆ ತುಂಡಿನ ಮೇಲೆ ಬೂದು ಬಣ್ಣದ ಅಂಟು ಮೆತ್ತಿತ್ತು. ಅಂಟಿನ ಕೆಳಗೆ ದಾರ ಸುತ್ತಿತ್ತು. ದಾರ ಸುತ್ತಿ ಅಂಟು ಹಚ್ಚಿದರೆ ಬಿಗಿ ಜಾಸ್ತಿ ಎಂದು ಎದೆ ತಟ್ಟಿಕೊಂಡು ಹೇಳುತ್ತಿದ್ದವನು ಇಡೀ ಕಂಪನಿಯಲ್ಲಿ ಒಬ್ಬನೇ, ಅಳಿಯ. ತೂತು ಮಾಡಿ, ಕದ್ದುಮುಚ್ಚಿ ತೇಪೆ ಹಾಕಿದ್ದ. ತೇಪೆ ಬಿಟ್ಟುಕೊಂಡಿತ್ತು.

ಅಪ್ಪ ಪೆಟ್ಟಿಗೆ ಹೊತ್ತು ಕಂಪನಿಯ ಕಬ್ಬಿಣದ ಮೆಟ್ಟಿಲು ಇಳಿದ. ಬುತ್ತಿ ತಂದಿದ್ದ ಹತ್ತೊಂಬತ್ತರ ಮಗಳು ಗೇಟಿನ ಬಳಿ ನಿಂತು ಎಣಿಸಿದಳು. ನಲವತ್ತು ಮೆಟ್ಟಿಲು. ನಡುವೆ ಎರಡು ಸಲ ಪೆಟ್ಟಿಗೆ ಇಳಿಸಿ ಉಸಿರು ತೆಗೆದುಕೊಂಡ. ಮೇಲೆ ಕೆಲಸಗಾರರೆಲ್ಲ ಕಟಕಟೆ ಹಿಡಿದು ನೋಡುತ್ತಿದ್ದರು. ಭಾವನೂ ನೋಡುತ್ತಿದ್ದ. ಒಬ್ಬನೂ ಕೈ ಚಾಚಲಿಲ್ಲ.

ಹಣ್ಣು ಕೊಳೆಸಿದವನು ಎಂಬ ಹೆಸರು ಬಿದ್ದ ಮೇಲೆ ಅಪ್ಪನನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ. ಎರಡೇ ವರ್ಷಕ್ಕೆ ಹಾಸಿಗೆ ಹಿಡಿದ. ಪೈಪಿನ ತುಂಡನ್ನು ಮಗಳ ಕೈಗಿಟ್ಟು, "ನಿನ್ನಕ್ಕ ಆ ಮನೇಲಿ ನೆಮ್ಮದಿಯಾಗಿರೋವರೆಗೂ ಬಾಯಿ ಬಿಡಬೇಡ" ಎಂದು ಮಾತು ತೆಗೆದುಕೊಂಡು ಕಣ್ಣು ಮುಚ್ಚಿದ.

ಕೋಲಮ್ಮ ಬಾಯಿ ಬಿಡಲಿಲ್ಲ. ಭಾವ ಅಂಗಡಿ ಇಟ್ಟ, ಮೆಕ್ಯಾನಿಕ್ಕುಗಳ ಸಂಘದ ಅಧ್ಯಕ್ಷನಾದ. "ನಮ್ಮ ಮಾವ ಒಳ್ಳೇ ಕೆಲಸಗಾರರೇ. ಕೊನೇಲಿ ಕೈ ತಪ್ಪಿತು, ಪಾಪ" ಎಂದು ಲೊಚಗುಟ್ಟುತ್ತ ತಿರುಗಿದ. ಆ 'ಪಾಪ' ಕೇಳಿದಾಗೆಲ್ಲ ಅವಳು ಪೆಟ್ಟಿಗೆ ತೆರೆದು, ಆ ಬಟ್ಟೆಯ ಗಂಟನ್ನು ಮುಟ್ಟಿ ನೋಡಿ ಮುಚ್ಚುತ್ತಿದ್ದಳು. ಹಲ್ಲು ಕಚ್ಚಿಕೊಂಡು ಕಾದಳು.

ಕೊನೆಗೆ ಅಕ್ಕನ ಫೋನು ಬಂತು. ಅಕ್ಕ ಅಳುತ್ತಿದ್ದಳು.

"ನಮ್ಮನೆ ಫ್ರೀಜರ್ ತಂಪೇ ಆಗ್ತಿಲ್ಲ ಕಣೇ. ನಾನು ಚಾಕು ಹಾಕಿ ಮಂಜು ಕೆರೆದು ಪೈಪು ತೂತು ಮಾಡಿದೆನಂತೆ. ಬಂದ ನೆಂಟರ ಮುಂದೆಲ್ಲ ಅದೇ ಮಾತು, ಅದೇ ನಗು. ನಿನ್ನಾಣೆ, ನಾನು ಚಾಕು ಮುಟ್ಟಿಲ್ಲ."

"ಮತ್ತೆ ಮಂಜು ತೆಗೆದದ್ದು ಯಾರು?"

"ಅವರೇ, ಹೋದ ತಿಂಗಳು. ಈಗ ಕಂಪ್ರೆಸರೂ ಹೋಗಿದೆ, ಗುಜರಿಗೆ ಹಾಕ್ತೀನಿ ಅಂತಾರೆ. ಇನ್ನು ಈ ಮನೇಲಿ ನನಗೆ ನೆಮ್ಮದಿ ಇಲ್ಲ ಬಿಡೇ."

ಕೋಲಮ್ಮ ಗೋಡೆಗೆ ಒರಗಿಕೊಂಡಳು. ಅಪ್ಪನಿಗೆ ಕೊಟ್ಟ ಮಾತು ಅಲ್ಲಿಗೆ ತೀರಿತು. "ಆ ಹಳೇ ಸೂಪರ್‌ವೈಸರ್ ನಿಮ್ಮನೆಗೆ ಇಸ್ಪೀಟಿಗೆ ಬರೋದು ಯಾವತ್ತು?"

"ಭಾನುವಾರ. ಯಾಕೆ?"

"ಭಾನುವಾರವೇ ಬರ್ತೀನಿ. ಅಲ್ಲಿವರೆಗೆ ಅದನ್ನ ಯಾರ ಕೈಗೂ ಕೊಡಬೇಡ."

ಭಾನುವಾರ ಬೆಳಿಗ್ಗೆ ಭಾವನ ಮೂರನೇ ಮಹಡಿಯ ಮನೆಯಲ್ಲಿ ಎಲೆ ಹಂಚಿಯಾಗಿತ್ತು. ಬೆನ್ನು ಬಾಗಿದ, ಕಟ್ಟಿಸಿದ ಹಲ್ಲಿನ ಸೂಪರ್‌ವೈಸರ್ ಎದುರು ಕೂತಿದ್ದ. ಕೋಲಮ್ಮ ನೋಯುವ ಮೊಣಕಾಲಲ್ಲೇ ಎರಡು ಸಲ ಹತ್ತಿಳಿದು ಗ್ಯಾಸ್ ಸಿಲಿಂಡರನ್ನೂ ಅಪ್ಪನ ಪೆಟ್ಟಿಗೆಯನ್ನೂ ತಂದಿಟ್ಟಳು.

"ಓಹೋ, ನಾದಿನಿಯವರು!" ಭಾವ ಎಲೆಯಿಂದ ಕಣ್ಣೆತ್ತದೆ ನಕ್ಕ. "ಹೆಣಕ್ಕೆ ಔಷಧಿ ಕುಡಿಸೋಕೆ ಬಂದ್ಯಾ?"

"ಹೆಣವೋ ಅಲ್ವೋ ನೋಡೋಣ ಭಾವ. ನೀವು ಅಧ್ಯಕ್ಷರು, ನಾನು ತಪ್ಪಿದ್ರೆ ತಿದ್ದಿ. ಸಾಹೇಬ್ರೆ, ನೀವೂ ಬನ್ನಿ. ಇಂಥದ್ದನ್ನ ನೋಡಿ ಪಳಗಿದ ಕಣ್ಣು ನಿಮ್ಮದು."

ಹೊಗಳಿಕೆಗೆ ಇಬ್ಬರೂ ಎದ್ದು ಬಂದರು.

ಆಳೆತ್ತರದ ಫ್ರೀಜರು. ಒಳಗೆ ಐದು ಅಂತಸ್ತು, ಪ್ರತಿ ಅಂತಸ್ತೂ ಮಡಚಿದ ಪೈಪಿನದೇ. ಬಾಗಿಲು ತೆರೆದ ಕೂಡಲೇ ಅವಳಿಗೆ ಕಾಯಿಲೆ ತಿಳಿಯಿತು. ಮೇಲಿನ ಅಂತಸ್ತಿನಲ್ಲಿ ಮಾತ್ರ ಬೆಳ್ಳಗೆ ಮಂಜು. ಉಳಿದ ನಾಲ್ಕೂ ಬರೀ ಬೆವರಿದ್ದವು. ಆದರೂ ಅವಳು ಅವಸರ ಮಾಡಲಿಲ್ಲ. ಇಷ್ಟು ವರ್ಷ ಕಾದ ಊಟವನ್ನು ಒಂದೇ ತುತ್ತಿಗೆ ಮುಗಿಸುವವಳಲ್ಲ ಅವಳು.

ಪ್ಲಗ್ಗಿನಲ್ಲಿ ಕರೆಂಟು ನೋಡಿದಳು, ಇತ್ತು. ತಂಪಿನ ಗುಂಡಿ ತಿರುಗಿಸಿದಳು, ಟಕ್ ಎಂದಿತು. ಬಾಗಿಲಿನ ರಬ್ಬರಿಗೆ ಪೇಪರಿನ ಚೂರು ಸಿಕ್ಕಿಸಿ, ಮುಚ್ಚಿ, ಎಳೆದಳು. ಪೇಪರು ಹರಿಯಿತು, ಜಾರಲಿಲ್ಲ.

"ರಬ್ಬರು ಗಟ್ಟಿ. ಹಿಂದೆ ಧೂಳೂ ಇಲ್ಲ, ಅಕ್ಕ ಒರೆಸಿಟ್ಟಿದ್ದಾಳೆ. ಇನ್ನು ನೀವು ಸತ್ತಿದೆ ಅಂದ ಕಂಪ್ರೆಸರು." ಕೋಲನ್ನು ಭಾವನ ಕೈಗೆ ಚಾಚಿದಳು. "ಕೇಳಿ ಹೇಳಿ."

ಭಾವ ಕೋಲು ನೋಡಿದ. ಗುರುತು ಹತ್ತಿತು. ಬೇಡ ಎನ್ನಲಾಗದೆ ಕಿವಿಗೆ ಹಚ್ಚಿದ. "ಓಡ್ತಿದೆ" ಎಂದ.

"ಹೇಗೆ ಓಡ್ತಿದೆ?"

"ಹಗುರವಾಗಿ."

"ಖಾಲಿ ಗಾಡಿ ಎಳೆಯೋ ಎತ್ತಿನ ಹಾಗೆ, ಅಲ್ವಾ?"

"ಅಂದ್ರೆ ಗ್ಯಾಸ್ ಸೋರಿದೆ" ಎಂದ ಸೂಪರ್‌ವೈಸರ್, ಪರೀಕ್ಷೆಯಲ್ಲಿ ಪಾಸಾದವನಂತೆ.

"ಅದನ್ನೇ ನಾನೂ ಹೇಳಿದ್ದು. ಇವಳು ಚಾಕು ಹಾಕಿ..." ಎಂದು ಭಾವ ಶುರುಮಾಡಿದ.

ಕೋಲಮ್ಮ ಪ್ಲಗ್ ಕಿತ್ತು, ಸಾಬೂನಿನ ನೊರೆ ಕದಡಿ, ಬ್ರಷ್ಷಿನಿಂದ ಪೈಪುಗಳಿಗೆ ಬಳಿಯುತ್ತ ಹೋದಳು. ಎರಡನೇ ಅಂತಸ್ತಿನ ಹಿಂದಿನ ಮೂಲೆಯಲ್ಲಿ ನೊರೆ ಗುಳ್ಳೆ ಎತ್ತಿತು. ಒಡೆಯಿತು, ಮತ್ತೆ ಎತ್ತಿತು. ಅಲ್ಲಿ ಬೂದು ಅಂಟಿನ ಉಂಡೆ.

"ಚಾಕು ಹಾಕಿದ್ದು ಅಕ್ಕ, ಒಪ್ಪೋಣ. ಅಂಟು ಹಚ್ಚಿದ್ದೂ ಅಕ್ಕನೇನಾ?"

"ಅಂಟಾ? ಯಾವ ಅಂಟು?" ಎಂದಳು ಅಕ್ಕ, ಬಗ್ಗಿ ನೋಡುತ್ತ.

ಕೋಲಮ್ಮ ಬ್ಲೇಡಿನಿಂದ ಅಂಟನ್ನು ನಿಧಾನವಾಗಿ ಸುಲಿದಳು. ಕೆಳಗೆ ಬಿಗಿಯಾಗಿ ಏಳು ಸುತ್ತು ಬಿಳಿ ದಾರ. ಆಮೇಲೆ ಪೆಟ್ಟಿಗೆಯಿಂದ ಬಟ್ಟೆಯ ಗಂಟು ತೆಗೆದು ಬಿಚ್ಚಿ, ತಾಮ್ರದ ತುಂಡನ್ನು ಸೂಪರ್‌ವೈಸರನ ಅಂಗೈಲಿಟ್ಟಳು.

"ಇದು ನಿಮ್ಮ ಕೋಲ್ಡ್ ಸ್ಟೋರೇಜಿನದು ಸಾಹೇಬ್ರೆ. ಅವತ್ತು ನೀವು ಕೇಳಿದ್ರೆ ನಮ್ಮಪ್ಪ ತೋರಿಸ್ತಿದ್ದ. ನೀವು ಕೇಳಲಿಲ್ಲ."

ಮುದುಕ ಕನ್ನಡಕ ಏರಿಸಿ ಇದನ್ನೊಮ್ಮೆ ಅದನ್ನೊಮ್ಮೆ ನೋಡಿದ. ಕಪ್ಪಾದ ದಾರ, ಬಿಳಿ ದಾರ. ಎರಡೂ ಏಳು ಸುತ್ತು. "ಇದು ನಿನ್ನ ಕೈಗುಣ ಅಲ್ಲವೇನಯ್ಯಾ?" ಎಂದ. ತುಂಡನ್ನು ಭಾವನ ಮುಖದ ಮುಂದೆ ಹಿಡಿದ.

ಭಾವನ ಮುಖ ಹುಳ್ಳಗಾಯಿತು. "ಹಳೇದೆಲ್ಲ ಈಗ ಯಾಕಮ್ಮ..."

"ಈ ಅಂಟು ಹೋದ ತಿಂಗಳದ್ದು ಭಾವ. ಎರಡಕ್ಕೂ ಸೇರಿಸಿ ಒಂದೇ ಸಲ ಹೇಳಿ. ತೂತು ಮಾಡಿದ್ದು ಯಾರು?"

ಭಾವ ಹೆಂಡತಿಯ ಕಡೆ ತಿರುಗಿದ. ಅಲ್ಲಿ ಆಸರೆ ಸಿಗಲಿಲ್ಲ.

"ಅಪ್ಪನ ಕೈ ನಡುಗ್ತಿತ್ತು ಅಂತ ನನಗೂ ಹೇಳಿದ್ರಿ" ಎಂದಳು ಅಕ್ಕ. "ನಾನು ನಂಬಿದೆ. ಅಪ್ಪ ಸಾಯೋವರೆಗೂ ಮುಖ ಕೊಟ್ಟು ಮಾತಾಡಿಸ್ಲಿಲ್ಲ ನಾನು. ಎರಡು ವರ್ಷ."

"ನಾನೇ" ಎಂದ ಭಾವ, ನೆಲ ನೋಡುತ್ತ.

"ಜೋರಾಗಿ. ಸಾಹೇಬ್ರಿಗೆ ಕಿವಿ ಮಂದ."

"ನಾನೇ! ಎರಡೂ ನಾನೇ ಮಾಡಿದ್ದು!"

ಸೂಪರ್‌ವೈಸರ್ ಕೈ ಮುಗಿಯಲು ಹೋದ. ಕೋಲಮ್ಮ ತಡೆದಳು. "ನನಗೆ ಬೇಡ. ಬರೋ ಭಾನುವಾರ ಸಂಘದ ಸಭೆ ಇದೆ. ನೀವಿಬ್ಬರೂ ಎದ್ದು ನಿಂತು ಅಪ್ಪನ ಹೆಸರು ಹಿಡಿದು ಹೇಳಿ. ಹೇಳದಿದ್ರೆ ಈ ತುಂಡು ಅಲ್ಲಿಗೆ ಬರುತ್ತೆ, ನಾನೂ ಬರ್ತೀನಿ."

ಭಾವ ತಲೆಯಾಡಿಸಿದ. ಅವನ ಕುತ್ತಿಗೆ ಬೆವರುವುದನ್ನು ಅವಳು ಕಣ್ತುಂಬ ನೋಡಿದಳು. ಮರುಕ ಎನ್ನುವುದು ಹುಡುಕಿದರೂ ಸಿಗಲಿಲ್ಲ.

ಆಮೇಲೆ ಕೆಲಸಕ್ಕೆ ಕೂತಳು. ಭಾವ ಹತ್ತಿರ ಬಂದರೆ, "ನೀವು ಮುಟ್ಟಬೇಡಿ" ಎಂದಳು ಅಕ್ಕ. ಕೆಟ್ಟ ತುಂಡು ಕತ್ತರಿಸಿ, ಹೊಸದು ಬೆಸೆದು, ಪೈಪಿನೊಳಗಿನ ಗಾಳಿ ಎಳೆದು ತೆಗೆದು, ಗ್ಯಾಸ್ ತುಂಬಿದಳು. ಮಧ್ಯಾಹ್ನ ಇಳಿಯುವಷ್ಟರಲ್ಲಿ ಐದೂ ಅಂತಸ್ತು ಒಂದೇ ಸಮ ಬೆಳ್ಳಗಾದವು. ಅಕ್ಕ ಅಂಗೈ ಒತ್ತಿ ಹಿಡಿದು ಬಹಳ ಹೊತ್ತು ತೆಗೆಯಲೇ ಇಲ್ಲ. ಕೋಲಮ್ಮ ಫ್ರೀಜರಿನಿಂದ ಕತ್ತರಿಸಿ ತೆಗೆದ ತುಂಡನ್ನೂ ಅಪ್ಪನ ತುಂಡಿನ ಜೊತೆ ಸೇರಿಸಿ ಗಂಟು ಕಟ್ಟಿದಳು.

ಸಿಲಿಂಡರನ್ನು ಕೆಳಗಿಟ್ಟು ಬಂದು, ಪೆಟ್ಟಿಗೆ ಎತ್ತುವಾಗ ಅವಳ ಮೊಣಕಾಲು ಕಟಕ್ ಎಂದಿತು. ಮೆಟ್ಟಿಲ ಬಾಯಲ್ಲಿ ಭಾವ ನಿಂತಿದ್ದ. ಪೆಟ್ಟಿಗೆಯ ಹಿಡಿಗೆ ಕೈ ಹಾಕಿ, ಸಣ್ಣ ದನಿಯಲ್ಲಿ, "ಕೊಡಮ್ಮ, ನಾನು ಇಳಿಸಿಕೊಡ್ತೀನಿ" ಎಂದ.

"ಕೈ ತೆಗೀರಿ ಭಾವ. ಅವತ್ತು ನಲವತ್ತು ಮೆಟ್ಟಿಲಿತ್ತು, ಇಲ್ಲಿ ಐವತ್ತನಾಲ್ಕಿದೆ. ನೀವು ಅವತ್ತಿನ ಹಾಗೇ ಕಟಕಟೆ ಹಿಡ್ಕೊಂಡು ನೋಡ್ತಾ ನಿಂತ್ಕೊಳ್ಳಿ. ನಾನೇ ಇಳಿಸ್ಕೋತೀನಿ."