ಬೀಜಕ್ಕೆ ಬಿಟ್ಟ ಹೀರೇಕಾಯಿ

ಅವರ ಬಲಗೈ ಹೆಬ್ಬೆರಳಿನ ಉಗುರು ಹಸಿರುಗಪ್ಪಾಗಿತ್ತು. ಉಳಿದ ಒಂಬತ್ತು ಉಗುರುಗಳನ್ನು ಒತ್ತಿ ಕತ್ತರಿಸುತ್ತಿದ್ದ ಆಯಿ ಅದೊಂದನ್ನು ಮಾತ್ರ ಉದ್ದಕ್ಕೆ ಬಿಟ್ಟಿದ್ದರು. ಬಳ್ಳಿಯ ಕುಡಿ ಚಿವುಟಲು, ಮೆಂತ್ಯದ ದಂಟು ಕೊಯ್ಯಲು, ಕಾಯಿ ಎಳೆಯದೋ ಬಲಿತದ್ದೋ ಎಂದು ಒತ್ತಿ ನೋಡಲು ಅದೇ ಅವರ ಆಯುಧ. ಅವರು ಸಂತೆಗೆ ಹೋದರೆ ಕಾಯಿಪಲ್ಯ ಮಾರುವವರು ತಮ್ಮ ಬುಟ್ಟಿಗೆ ಅಂಗೈ ಅಡ್ಡ ಹಿಡಿಯುತ್ತಿದ್ದರು. ಬಲಗೈ ಎಂದು ಬರೆದಿದ್ದೇನೆ. ಎಡಗೈ ಇದ್ದರೂ ಇರಬಹುದು. ಉಗುರು ನೆನಪಿದೆ, ಕೈ ನೆನಪಿಲ್ಲ.

ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದ ಮರುವರ್ಷ ನಾನು ಶಹಾಬಾದಿನ ಹೆಣ್ಣುಮಕ್ಕಳ ಶಾಲೆಗೆ ಶಿಕ್ಷಕಿಯಾಗಿ ಬಂದೆ. ಆಯಿಯ ಮನೆಯ ಹಿಂದಿನ ಕೋಣೆ ಬಾಡಿಗೆಗೆ ಸಿಕ್ಕಿತು. ಅವರ ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಒಬ್ಬಳೇ ಮಗಳನ್ನು ಸೇಡಂಗೆ ಕೊಟ್ಟಿದ್ದರು. ಓಣಿಯವರೆಲ್ಲ ಕರೆಯುತ್ತಿದ್ದಂತೆ ನಾನೂ ಅವರನ್ನು ಆಯಿ ಎಂದೆ. ಅವರು ನನ್ನನ್ನು, ಆ ಕಡೆ ಶಿಕ್ಷಕಿಯರನ್ನು ಕರೆಯುವಂತೆ, ಅಕ್ಕೋರ ಎಂದರು. ಮೊದಲ ದಿನವೇ ನನ್ನ ಟ್ರಂಕು ಒಳಗೆ ಹೋಗುವ ಮುಂಚೆ ಅದರ ಮೇಲೆ ಕಣ್ಣಾಡಿಸಿ, ಆಡು ಸಾಕುವ ಚಟ ಇದೆಯೇನು ಎಂದು ಕೇಳಿದರು. ಟ್ರಂಕಿನಲ್ಲಿ ಆಡು ಇರಲಿಕ್ಕಿಲ್ಲ ಎಂದು ನಾನು ನಕ್ಕೆ. ಅವರು ನಗಲಿಲ್ಲ.

ಆ ಊರಿನಲ್ಲಿ ಒಂದು ಗೇಣು ಅಗೆದರೆ ಫರಸಿ ಕಲ್ಲು. ಮನೆಯ ಗೋಡೆ, ಮಾಡು, ನೆಲ, ಕಾಂಪೌಂಡು, ಎಲ್ಲ ಕಲ್ಲು. ಆ ಕಲ್ಲಿನ ಮೇಲೆ ಆಯಿ ತೋಟ ಮಾಡಿದ್ದರು. ಖಣಿಯಲ್ಲಿ ಒಡೆದು ಬಿಸಾಕಿದ ಚಪ್ಪಡಿ ತುಂಡುಗಳನ್ನು ನಿಲ್ಲಿಸಿ ಮಡಿಗಳನ್ನು ಕಟ್ಟಿ, ಕಾಗಿಣಾ ಹೊಳೆಯ ದಂಡೆಯ ಮಣ್ಣನ್ನು ಬುಟ್ಟಿ ಬುಟ್ಟಿ ಹೊರಿಸಿ ತುಂಬಿಸಿದ್ದರಂತೆ. ಬಚ್ಚಲ ನೀರು ಪುಂಡಿಪಲ್ಯಕ್ಕೆ, ಅಕ್ಕಿ ತೊಳೆದ ನೀರು ಕರಿಬೇವಿಗೆ, ಬಾವಿಯ ನೀರು ಮಲ್ಲಿಗೆಗೆ. ಬದನೆ, ಮೆಂತ್ಯ, ಪುದೀನಾ, ಸಬ್ಬಸಿಗೆ, ಅಬ್ಬಲಿಗೆ, ಒಂದು ಮೂಲೆಯಲ್ಲಿ ಚಂಡುಹೂವು. ಊರಿನ ಸಿಮೆಂಟು ಕಾರ್ಖಾನೆಯ ಧೂಳು ಎಲ್ಲದರ ಮೇಲೂ ಕೂರುತ್ತಿತ್ತು. ಆಯಿ ಹಸಿ ಅರಿವೆಯಿಂದ ಹೀರೆಯ ಎಲೆಗಳನ್ನು ಒಂದೊಂದಾಗಿ ಒರೆಸುತ್ತಿದ್ದರು, ಮಕ್ಕಳ ಮುಖ ಒರೆಸಿದ ಹಾಗೆ ಎಂದು ಬರೆಯಬೇಕೆನಿಸುತ್ತದೆ. ಆದರೆ ಹಾಗಿರಲಿಲ್ಲ. ಹಿಂದಿನ ದಿನ ಇದ್ದ ಎಲೆ ಇವತ್ತೂ ಇದೆಯೋ ಎಂದು ಲೆಕ್ಕ ಹಿಡಿಯುವವರ ಹಾಗೆ ಒರೆಸುತ್ತಿದ್ದರು.

ಅವರಿಗೆ ಎಲ್ಲರ ಮೇಲೂ ಸಂಶಯ. ಹಾಲಿನವನ ಮೇಲೆ, ಅಂಚೆಯವನ ಮೇಲೆ, ಪಕ್ಕದ ಮನೆಯ ಕೋಳಿಗಳ ಮೇಲೆ. ಒಮ್ಮೆ ನಾನು ಬಜಾರಿನಲ್ಲಿ ಒಂದು ಮೊಳ ಮಲ್ಲಿಗೆ ಕೊಂಡು ಮುಡಿದು ಬಂದೆ. ಬಾಗಿಲಲ್ಲೇ ತಡೆದರು.

“ಆ ಹೂ ಎಲ್ಲಿದು ಅಕ್ಕೋರ?”

“ಬಜಾರದ್ದು ಆಯಿ.”

“ಬಜಾರದ ಹೂವಿಗಿ ಇಷ್ಟ ವಾಸನಿ ಇರಂಗಿಲ್ಲ.”

ಹಿತ್ತಿಲಿಗೆ ಹೋಗಿ ತಮ್ಮ ಗಿಡದ ಮೊಗ್ಗುಗಳನ್ನು ಎಣಿಸಿ ಬಂದರು. ಅಲ್ಲಿಯವರೆಗೆ ನಾನು ಹೊಸ್ತಿಲಲ್ಲೇ ನಿಂತಿದ್ದೆ. ಯಾಕೆ ನಿಂತೆನೋ ಇಂದಿಗೂ ತಿಳಿಯದು.

“ಆತು, ಒಳಗ ಹೋಗ್ರಿ. ಬಜಾರದ್ದೇ ಅದ,” ಎಂದರು. ಆಮೇಲೆ ತಮ್ಮ ಗಿಡದ ಹತ್ತು ಮೊಗ್ಗುಗಳನ್ನು ಎಲೆಯಲ್ಲಿ ಸುತ್ತಿ ತಂದು ನನ್ನ ಕಿಟಕಿಯಲ್ಲಿ ಇಟ್ಟರು. ಕ್ಷಮೆಯೋ, ಅಥವಾ ನಿಜವಾದ ವಾಸನೆ ಹೇಗಿರುತ್ತದೆ ಎಂಬ ಪಾಠವೋ.

ಕೊಡುವುದರಲ್ಲಿ ಅವರ ಕೈ ದೊಡ್ಡದು. ಓಣಿಯ ಅರ್ಧ ಮನೆಗಳಿಗೆ ಅವರ ಪಲ್ಯ ಹೋಗುತ್ತಿತ್ತು. ಆದರೆ ಬೀಜ ಮಾತ್ರ ಯಾರಿಗೂ ಇಲ್ಲ. ಕೊಟ್ಟ ಕಾಯಿಗಳೆಲ್ಲ ಎಳೆಯವೇ, ಒಳಗಿನ ಬೀಜ ಮೊಳೆಯದಷ್ಟು ಎಳೆಯವು. ಅದು ಕಾಕತಾಳೀಯವಲ್ಲ ಎಂದು ನನಗೆ ಗೊತ್ತಾಗಲು ಒಂದು ವರ್ಷ ಬೇಕಾಯಿತು. ಅದರಲ್ಲೂ ಹೀರೆ. ಹೀರೇಕಾಯಿ ಕಹಿಯೋ ಸಿಹಿಯೋ ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ, ತುದಿ ಕಚ್ಚಿಯೇ ನೋಡಬೇಕು. ಆಯಿಯ ಹೀರೆಯಲ್ಲಿ ಎಂದೂ ಒಂದು ಕಹಿ ಕಾಯಿ ಬಂದಿರಲಿಲ್ಲ. ಬೀಜ ಅವರ ತಾಯಿಯದು. ಮದುವೆಯಾಗಿ ಕಾಳಗಿಯಿಂದ ಬರುವಾಗ ಸೆರಗಿನಲ್ಲಿ ಕಟ್ಟಿಕೊಂಡು ಬಂದದ್ದು. ಆ ತಾಯಿ ಈಗಿಲ್ಲ. ತವರಿನಲ್ಲಿ ಅಣ್ಣಂದಿರು ಹಿತ್ತಿಲನ್ನೇ ಮುಚ್ಚಿಬಿಟ್ಟಿದ್ದರು. ಎರಡು ವರ್ಷದ ಹಿಂದೆ ಬೀಜಕ್ಕೆ ಬಿಟ್ಟ ಒಂದು ಕಾಯಿಯನ್ನು ಯಾರೋ ಕದ್ದರೆಂದು ಆಯಿ ಆಗಾಗ ಹೇಳುತ್ತಿದ್ದರು. ನಾವು ಯಾರೂ ನಂಬುತ್ತಿರಲಿಲ್ಲ. ಅವರ ಲೆಕ್ಕದಲ್ಲಿ ದಿನಕ್ಕೊಂದು ಕಳುವು ಇದ್ದೇ ಇರುತ್ತಿತ್ತು.

ನಾನು ಬಂದ ಎರಡನೆಯ ಮಳೆಗಾಲದಲ್ಲಿ ಮಾಡಿನ ಚಪ್ಪಡಿಯ ಸಂದಿಯಿಂದ ನೀರು ಇಳಿದು, ಒಲೆಯ ಮೇಲೆ ತೂಗುಹಾಕಿದ್ದ ಸೋರೆಬುರುಡೆಯೊಳಗಿನ ಬೀಜಗಳು ಬೂಸಲು ಹಿಡಿದವು. ಆರಿಸಿ ಆರಿಸಿ ಹೀರೆಯ ಆರು ಬೀಜ ಊರಿದರು. ಮೊಳೆತದ್ದು ಒಂದು. ಆ ಒಂದು ಬಳ್ಳಿಯೂ ರೋಗಕ್ಕೆ ಬಿದ್ದು, ಎದ್ದು, ಬೇಸಿಗೆಯ ಬಾಗಿಲಲ್ಲಿ ಒಂದೇ ಒಂದು ಕಾಯಿ ಕಚ್ಚಿತು. ಆಯಿ ಅದರ ತೊಟ್ಟಿಗೆ ಕೆಂಪು ದಾರ ಕಟ್ಟಿದರು.

ಅದೇ ವಾರ ಸೇಡಂನಿಂದ ಮಗಳ ಹೆರಿಗೆಯ ಸುದ್ದಿ ಬಂತು. ನಾಲ್ಕು ದಿನ ಹೋಗಲೇಬೇಕು. ಹಿತ್ತಿಲಿನ ಕೀಲಿಯನ್ನು ಆಯಿ ನನ್ನ ಕೈಗೆ ಕೊಟ್ಟರು. ನನಗೆ! ಪಕ್ಕದ ಮನೆಯವರು ಇದನ್ನು ನಂಬದೆ ಕೀಲಿ ತೋರಿಸಲು ಹೇಳಿದರು. ನೀರು ಬುಡಕ್ಕೆ, ಎಲೆಗಲ್ಲ. ಸಂಜೆ, ಮಧ್ಯಾಹ್ನವಲ್ಲ. ಪುದೀನಾಕ್ಕೆ ಒಂದು ತಂಬಿಗೆ, ಬದನೆಗೆ ಎರಡು. ಅರ್ಧ ಗಂಟೆ ಪಾಠ ಮಾಡಿದರು. ದಾರದ ವಿಷಯ ಮಾತ್ರ ಹೇಳಲಿಲ್ಲ. ಬೆಂಕಿ ಸುಡುತ್ತದೆ ಎಂದು ಯಾರಾದರೂ ಯಾರಿಗಾದರೂ ಹೇಳುತ್ತಾರೆಯೇ?

ನಾನು ಹುಬ್ಬಳ್ಳಿಯ ವಠಾರದಲ್ಲಿ ಬೆಳೆದವಳು. ತರಕಾರಿ ಸಂತೆಯಲ್ಲಿ ಹುಟ್ಟುತ್ತದೆ ಎಂದು ತಿಳಿದಿದ್ದವಳು. ದಾರವನ್ನು ದೃಷ್ಟಿಗೆ ಕಟ್ಟಿದ್ದಾರೆ ಎಂದುಕೊಂಡೆ. ಎರಡನೆಯ ದಿನ ಸಂಜೆ ಆ ಕಾಯಿಯನ್ನು ಕಿತ್ತು ಪಲ್ಯ ಮಾಡಿದೆ. ಬಿಟ್ಟರೆ ಬಲಿತು ಹಾಳಾಗುತ್ತದೆ, ಆಯಿಗೆ ಉಪಕಾರವಾಗಲಿ ಎಂದು ಕಿತ್ತೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಈಗ ಆ ಮಾತಿನಲ್ಲಿ ನಂಬಿಕೆ ಇಲ್ಲ. ಉಪಕಾರ ಮಾಡುವವಳು ಅವರಿಗಾಗಿ ಒಂದು ತುಂಡನ್ನಾದರೂ ತೆಗೆದಿಡುತ್ತಿದ್ದಳು. ಆ ತೋಟದಿಂದ ಯಾರೂ ಎಣಿಸದ ಒಂದು ಕಾಯಿಯನ್ನು ತಿನ್ನಬೇಕೆಂಬ ಆಸೆಯೇ ನನ್ನಲ್ಲಿ ಇತ್ತೆಂದು ಕಾಣುತ್ತದೆ. ಪಲ್ಯ ಸಿಹಿಯಾಗಿತ್ತು. ಸಿಪ್ಪೆಯನ್ನೂ ತೊಟ್ಟನ್ನೂ ಆ ಮನೆಯ ರೂಢಿಯಂತೆ ಗೊಬ್ಬರದ ಗುಂಡಿಗೆ ಹಾಕಿದೆ.

ಮರುದಿನ ಬೆಳಿಗ್ಗೆ ಮುಸುರೆ ತಿಕ್ಕುವ ಕೆಲಸದಾಕೆ ಬಂದಳು. ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ಗಂಡ ಕಲ್ಲಿನ ಖಣಿಯಲ್ಲಿ ದುಡಿಯುತ್ತಿದ್ದ. ಬಳ್ಳಿಯ ಕಡೆ ನೋಡಿದವಳು ಅಲ್ಲೇ ನಿಂತಳು.

“ಬೀಜದ ಕಾಯಿ ಎಲ್ಲಿ ಅದರಿ ಅಕ್ಕೋರ?”

ಆಗಲೇ ನನಗೆ ಅರ್ಥವಾದದ್ದು. ಇನ್ನೊಂದು ಕಾಯಿ ಬಿಡಬಹುದಲ್ಲವೇ ಎಂದು ಕೇಳಿದೆ. ಬಳ್ಳಿ ಮುದಿಯಾಗಿದೆ, ಬಿಸಿಲು ಬಂತು, ಇನ್ನು ಹೂವು ನಿಲ್ಲುವುದಿಲ್ಲ ಎಂದಳು. ನನ್ನ ಮುಖ ನೋಡಿ ದನಿ ತಗ್ಗಿಸಿದಳು. “ಆಯಿಗಿ ನೀವೇ ಹೇಳ್ರಿ. ನಾ ಏನ್ ಹೇಳಂಗಿಲ್ಲ.”

ಹೇಳುತ್ತೇನೆ ಎಂದೆ. ನಿಜವಾಗಿಯೂ ಹೇಳಬೇಕೆಂದೇ ಇದ್ದೆ. ಯಾವ ಮಾತುಗಳಲ್ಲಿ ಹೇಳಬೇಕೆಂದು ಎರಡು ದಿನ ಜೋಡಿಸಿಕೊಂಡೆ.

ಆಯಿ ಬಸ್ಸಿಳಿದು ಬಂದವರು ಕೈಚೀಲ ಕೆಳಗಿಡದೆ ಹಿತ್ತಿಲಿಗೆ ಹೋದರು. ಮತ್ತೆ ನನ್ನ ಕೋಣೆಯ ಮುಂದೆ ಬಂದು ನಿಂತರು. ಕೂಗಾಡಲಿಲ್ಲ. ಯಾರು ಬಂದಿದ್ದರು ಎಂದು ಕೇಳಿದರು, ಅಷ್ಟೇ.

ನಾನು ಹೇಳಿದ ವಾಕ್ಯ ನನಗೆ ಅಕ್ಷರಶಃ ನೆನಪಿದೆ. ಇದರಲ್ಲಿ ಎಡಗೈ ಬಲಗೈ ಎಂಬ ಅನುಮಾನವಿಲ್ಲ. “ಯಾರೂ ಬಂದಿಲ್ಲ ಆಯಿ. ಕೆಲಸದಾಕಿ ಒಬ್ಬಾಕಿ ಬಂದಿದ್ಲು.”

ಸುಳ್ಳು ಒಂದೂ ಇರಲಿಲ್ಲ ಅದರಲ್ಲಿ.

ಮರುದಿನ ಬೆಳಿಗ್ಗೆ ಬಾವಿಕಟ್ಟೆಯ ಬಳಿ ಆಯಿ ಆಕೆಯನ್ನು ಕೇಳಿದರು. ಆಕೆ ಬೂದಿಗೈಯಲ್ಲೇ ಎದ್ದು ನಿಂತು ನನ್ನ ಕಡೆ ನೋಡಿದಳು. ನನ್ನ ಕೈಯಲ್ಲಿ ಮಕ್ಕಳ ವಹಿಗಳಿದ್ದವು. ಶಾಲೆಗೆ ಹೊತ್ತಾಗಿತ್ತು, ಆಗಿರಲಿಲ್ಲವೋ ಏನೋ. ನಾನು ಹೋದೆ. ಸಂಜೆ ಬರುವಷ್ಟರಲ್ಲಿ ಅರ್ಧ ತಿಕ್ಕಿದ ಪಾತ್ರೆಗಳು ಬಾವಿಕಟ್ಟೆಯಲ್ಲೇ ಇದ್ದವು. ಆಯಿ ತಾವೇ ತಿಕ್ಕುತ್ತಾ ಕೂತಿದ್ದರು. “ಒಯ್ದಿಲ್ಲ ಅಂತ ಸುದ್ದಾ ಅನಲಿಲ್ಲ ನೋಡ್ರಿ,” ಎಂದರು. “ಒಂದ ಮಾತ ಆಡಲಿಲ್ಲ. ಹೋಗಿಬಿಟ್ಲು.”

ಮುಂದಿನ ಮೂರು ವಾರ ಆಯಿ ತೋಟಕ್ಕೆ ನೀರು ಹಾಕಿದರು, ಆದರೆ ಅಲ್ಲಿ ಕೂರಲಿಲ್ಲ. ಎಲೆ ಒರೆಸುವುದನ್ನು ಬಿಟ್ಟರು. ಹೀರೆ ಬಳ್ಳಿ ಒಣಗಿತು. ಕೀಳಲಿಲ್ಲ. ತಾಯಿ ಸತ್ತಾಗಲೂ ಹಿಂಗ ಆಗಿದ್ದಿಲ್ಲ ಎಂದು ಒಮ್ಮೆ ನನ್ನೆದುರು ಹೇಳಿದರು. ನಾನು ಚಹಾ ಮಾಡಿಕೊಟ್ಟೆ. ನನ್ನ ಧೈರ್ಯ ಅಷ್ಟರವರೆಗೆ ಇತ್ತು.

ಒಂದು ಭಾನುವಾರ ಅವರು ಗೊಬ್ಬರದ ಗುಂಡಿ ತಿರುವುತ್ತಿದ್ದುದನ್ನು ಕಿಟಕಿಯಿಂದ ನೋಡಿದೆ. ಬಗ್ಗಿ ಏನನ್ನೋ ಎತ್ತಿಕೊಂಡರು. ಒಣಗಿದ ತೊಟ್ಟು, ಅದಕ್ಕೆ ಕೆಂಪು ದಾರ. ಕದ್ದವಳು ಕಾಯಿಯನ್ನು ಮನೆಗೆ ಒಯ್ಯುತ್ತಾಳೆ, ಇಲ್ಲೇ ಹೆಚ್ಚಿ ಸಿಪ್ಪೆಯನ್ನು ಗುಂಡಿಗೆ ಹಾಕುವುದಿಲ್ಲ. ಇದನ್ನು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನನ್ನ ಕಿಟಕಿಯ ಕಡೆ ತಿರುಗುತ್ತಾರೆಂದು ಕಾದೆ. ತಿರುಗಲಿಲ್ಲ. ಕೈತೊಳೆದು, ಒಗೆದ ಸೀರೆ ಉಟ್ಟು, ವಿಭೂತಿ ಹಚ್ಚಿಕೊಂಡು ನನ್ನ ಬಾಗಿಲಿಗೆ ಬಂದರು.

“ಬರ್ರಿ ಅಕ್ಕೋರ, ಜರಾ ಹೋಗಿ ಬರೋಣು.”

ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಖಣಿ ಕೆಲಸದವರ ಓಣಿ ರೈಲ್ವೆ ಹಳಿಯ ಆಚೆ. ಆ ಊರಲ್ಲಿ ನಲವತ್ತು ವರ್ಷ ಬಾಳಿದ ಆಯಿ ಅಲ್ಲಿಗೆ ಎಂದೂ ಕಾಲಿಟ್ಟಿರಲಿಲ್ಲ. ಹೆಂಗಸರು ಬಾಗಿಲುಗಳಿಂದ ಇಣುಕಿದರು. ಒಬ್ಬಾಕೆ, ದಾರಿ ತಪ್ಪೀರೇನ್ರಿ ಎಂದಳು. ಇಲ್ಲ, ದಾರಿ ಇದೇ ಅದ ಎಂದು ಆಯಿ ನಡೆದೇ ನಡೆದರು.

ಕೆಲಸದಾಕೆಯ ಮನೆ ಗುರುತಿಸಲು ಕಷ್ಟವಾಗಲಿಲ್ಲ. ತಗಡಿನ ಮಾಡಿನ ಮೇಲೆ ಹೀರೆ ಬಳ್ಳಿ ಹಬ್ಬಿತ್ತು. ಐದಾರು ಕಾಯಿ ಜೋತಿದ್ದವು. ಅವುಗಳಲ್ಲಿ ಒಂದಕ್ಕೆ ನೀಲಿ ಅರಿವೆಯ ಚಿಂದಿ ಕಟ್ಟಿತ್ತು. ಆಯಿ ನಿಂತು ಆ ಬಳ್ಳಿಯನ್ನು ಬುಡದಿಂದ ತುದಿಯವರೆಗೆ ನೋಡಿದರು. ಒಳಗಿಂದ ಬಂದ ಆಕೆ ನಮ್ಮಿಬ್ಬರನ್ನೂ ನೋಡಿ, ಆಯಿಯ ಕಣ್ಣು ಎಲ್ಲಿದೆ ಎಂದು ನೋಡಿ, ಗೋಡೆಗೆ ಒರಗಿದಳು.

“ಇದು ನಂದೇ ಹೀರಿ,” ಎಂದರು ಆಯಿ.

“ಹೌದ್ರಿ. ಎರಡ ವರ್ಷದ ಹಿಂದ ಒಂದ ಕಾಯಿ ಒಯ್ದಿದ್ದೆ. ಕೇಳಿದ್ರ ನೀವು ಕೊಡತಿದ್ದಿಲ್ಲ.”

“ಕೊಡತಿದ್ದಿಲ್ಲ. ಖರೇ.”

ಇನ್ನು ರಂಪವಾಗುತ್ತದೆ ಎಂದು ಓಣಿಯವರು ಹತ್ತಿರ ಬಂದರು. ನನಗೂ ಹಾಗೇ ಅನಿಸಿತು, ಇನ್ನೂ ನಾಚಿಕೆಯ ಮಾತೆಂದರೆ, ಆಗಲಿ ಎಂದೂ ಅನಿಸಿತು. ಈಕೆ ಕಳ್ಳಿಯೇ ಆದರೆ ನನ್ನ ಭಾರ ಸ್ವಲ್ಪ ಇಳಿಯುತ್ತದಲ್ಲ.

ಆಯಿ ಕೇಳಿದ್ದು ಬೇರೆ. “ಒಂದರ ಕಹಿ ಬಂದದೇನು?”

“ಒಂದೂ ಇಲ್ರಿ.”

ಆಯಿ ಆಕೆಯ ಹೊಸ್ತಿಲ ಮೇಲೆ ಕೂತರು. ಕುಂದ್ರಿ ಎಂದು ಯಾರೂ ಹೇಳುವ ಮುಂಚೆಯೇ ಕೂತರು. ಸುತ್ತ ನಿಂತವರಿಗೆಲ್ಲ ಕೇಳುವ ಹಾಗೆ, “ಆ ದಿನ ನಾ ಅಂದದ್ದು ತಪ್ಪಾತು. ಈ ಸಲದ ಕಾಯಿ ನೀ ಒಯ್ದಿಲ್ಲ. ನನಗ ಗೊತ್ತಾಗ್ಯಾದ,” ಎಂದರು. ಯಾರು ಒಯ್ದದ್ದು ಎಂದು ಹೇಳಲಿಲ್ಲ. ನಾನು ಒಂದು ಮಾರು ದೂರದಲ್ಲಿ ನಿಂತಿದ್ದೆ. “ಆ ಚಿಂದಿ ಕಟ್ಟಿದ ಕಾಯಿ ಒಣಗಿದ ಮ್ಯಾಲ ನಾಕ ಬೀಜ ಕೊಡು ನನಗ. ನಾಳಿಂದ ಕೆಲಸಕ್ಕ ಬಾ.”

“ಬೀಜ ತಂದ ಕೊಡತೀನಿ ಆಯಿ. ಮುಸುರಿಗಿ ಬರಂಗಿಲ್ಲ,” ಎಂದಳು ಆಕೆ.

ಆಯಿ ತಲೆಯಾಡಿಸಿದರು. ನೀರು ಕೇಳಿ ಕುಡಿದರು. ಬರುವಾಗ ದಾರಿಯುದ್ದಕ್ಕೂ ನನ್ನೊಡನೆ ಮಾತಾಡಿದ್ದು ಮೆಂತ್ಯಕ್ಕೆ ಬಿದ್ದ ಹುಳದ ಬಗ್ಗೆ.

ಇಲ್ಲಿಂದ ಮುಂದೆ ಅವರು ಯಾರನ್ನೂ ಸಂಶಯಿಸದವರಾದರು ಎಂದು ಬರೆದರೆ ಬರಹ ಚೆಂದವಾಗುತ್ತದೆ. ಅವರು ಮೊದಲಿಗಿಂತ ಹೆಚ್ಚು ಸಂಶಯಿಸಿದರು. ಅವರ ಸಂಶಯ ಒಮ್ಮೆ ನಿಜವಾಗಿತ್ತಲ್ಲ! ಆದರೆ ಬೀಜ ಕೊಡಲು ಶುರುಮಾಡಿದರು. ಕೇಳಿದವರಿಗೆಲ್ಲ, ಬೈದು ಬೈದು, ಐದೈದು ಬೀಜ. ಒಂದೇ ಮನೆಯಲ್ಲಿ ಇಟ್ಟದ್ದು ಹೇಗೆ ಹೋಗುತ್ತದೆ ಎಂದು ನೋಡಿದ್ದರು. ಮರುವರ್ಷ ಮತ್ತೆ ಸೇಡಂಗೆ ಹೊರಟಾಗ ಕೀಲಿಯನ್ನು ನನ್ನ ಕೈಗೇ ಕೊಟ್ಟರು. ನಾನು ಕೈ ಹಿಂದೆ ಎಳೆದೆ. ಅವರು ಬೆರಳು ಬಿಡಿಸಿ ಒಳಗಿಟ್ಟು, “ಈ ಸಲ ದಾರ ಕಟ್ಟಿದ್ದು ಬಿಟ್ಟು ಏನರ ಹರ್ಕೊಂಡು ತಿನ್ರಿ,” ಎಂದರು. ಆ ವಿಷಯದಲ್ಲಿ ಅವರು ಆಡಿದ ಮಾತು ಅದೊಂದೇ. ಆಗಲಾದರೂ ನಾನು ತಪ್ಪೊಪ್ಪಿಕೊಳ್ಳಬಹುದಿತ್ತು. ಬಸ್ಸಿಗೆ ಹೊತ್ತಾಯಿತು ಎಂದೆ.

ನನಗೆ ಚಿಂಚೋಳಿಗೆ ವರ್ಗವಾಯಿತು. ಅಲ್ಲಿ ಎರಡು ವರ್ಷವಾದ ಮೇಲೆ ಆಯಿ ಲಿಂಗೈಕ್ಯರಾದ ಸುದ್ದಿ ಬಂತು. ನಾನು ತಲುಪುವ ಹೊತ್ತಿಗೆ ಮಣ್ಣು ಮಾಡಿ ಬಂದಿದ್ದರು. ಮನೆಯಲ್ಲಿ ಮಗಳೂ ಬೀಗರೂ ತುಂಬಿದ್ದರು. ಹಿತ್ತಿಲಿನಲ್ಲಿ ಕೆಲಸದಾಕೆ ಇದ್ದಳು. ಹಾಗೆ ಕರೆಯುವುದು ಈಗ ಸರಿಯಲ್ಲ, ಆ ಮನೆಯ ಕೆಲಸ ಬಿಟ್ಟು ಎಷ್ಟೋ ವರ್ಷವಾಗಿತ್ತು. ಅವಳ ಪಕ್ಕದಲ್ಲಿ ಕೂತೆ. ನಾಲ್ಕು ವರ್ಷ ಜೋಡಿಸಿ ಇಟ್ಟುಕೊಂಡಿದ್ದ ಮಾತುಗಳು ಯಾವುವೂ ಬರಲಿಲ್ಲ. ಆ ದಿನ ನಾನು ಹೇಳಬೇಕಿತ್ತು, ಹೇಳಲಿಲ್ಲ ಎಂದೆ, ಅಷ್ಟೇ.

ಅವಳು ನನ್ನನ್ನು ನೋಡದೆ ಹೇಳಿದಳು. “ನೀವು ಹೇಳಿದ್ರ ಆಯಿ ನಮ್ಮ ಮನಿ ತನಕ ಬರತಿದ್ದಿಲ್ರಿ ಅಕ್ಕೋರ.”

ಸಮಾಧಾನಕ್ಕೆ ಹೇಳಿದಳೋ, ಚುಚ್ಚಲು ಹೇಳಿದಳೋ ಎಂದು ನಾನು ಇಷ್ಟು ವರ್ಷ ಆ ಮಾತನ್ನು ತಿರುವಿ ತಿರುವಿ ನೋಡಿದ್ದೇನೆ. ಸಮಾಧಾನ ಎಂದುಕೊಂಡ ದಿನ ನನಗೆ ನನ್ನ ಮೇಲೆಯೇ ಸಂಶಯ ಬರುತ್ತದೆ. ಆಯಿ ಇದ್ದಿದ್ದರೆ ಯಾವುದು ನಿಜ ಎಂದು ಕೇಳಬಹುದಿತ್ತು. ಆದರೆ ಕೇಳಲು ಮೊದಲು ಅವರಿಗೆ ನಿಜ ಹೇಳಬೇಕಾಗುತ್ತಿತ್ತು.