ಗಿರಿಜಾಳ ಮದುವೆಯ ವಿಡಿಯೊ

ಗಿರಿಜಾ, ನಿನ್ನ ಮದುವೆಯ ವಿಡಿಯೊ ಹೋದದ್ದು ಕಂಪ್ಯೂಟರಿನ ಡಿಸ್ಕ್ ಕೆಟ್ಟದ್ದರಿಂದ ಅಲ್ಲ. ಅಳಿಸಿದವಳು ನಾನು — ನಿನ್ನ ಓರಗಿತ್ತಿ, ನೀನು ಬಾಯಿ ತುಂಬ ಅಕ್ಕಾ ಎಂದು ಕರೆಯುವ ಮಂಗಳ. ಇಷ್ಟು ವರ್ಷ ಹೇಳಲಿಲ್ಲ. ಹೇಳದೆಯೇ ನಿನ್ನ ಪಕ್ಕ ಕೂತು ಕಾಯಿ ತುರಿದೆ, ಅವರೆಕಾಳು ಹಿಸುಕಿದೆ, ನಿನ್ನ ಕಷ್ಟಸುಖಕ್ಕೆಲ್ಲ ತಲೆಯಾಡಿಸಿದೆ —

ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಹೆಸರಿಡಲು ಹೋಗುವುದಿಲ್ಲ. ನನ್ನ ಮದುವೆಗೆ ವಿಡಿಯೊ ಇರಲಿಲ್ಲ. ಫೋಟೊ ತೆಗೆಯುವವನು ರೀಲು ಮುಗಿಯಿತೆಂದು ಧಾರೆಗೆ ಮುಂಚೆಯೇ ಊಟಕ್ಕೆ ಕೂತುಬಿಟ್ಟ. ಎಂಟು ವರ್ಷ ಕಳೆದು ನಿನ್ನ ಮದುವೆಗೆಂದು ನಿನ್ನ ತವರು ಹಾರನಹಳ್ಳಿಗೆ ಬಂದರೆ ಕಣ್ಣು ಕುಕ್ಕುವ ಲೈಟು, ಎರಡೆರಡು ಕ್ಯಾಮರಾ. ಸರಿ, ಕಾಲ ಬದಲಾಗಿದೆ ಎಂದು ಸುಮ್ಮನಾದೆ. ಸುಮ್ಮನಾಗಿ ಇರಬಹುದಿತ್ತು.

ಆಮೇಲೆ ನಿನ್ನ ಗಂಡ ನಟೇಶ ಅರಸೀಕೆರೆಯಲ್ಲಿ ಬಾಗಿಲು ಹಾಕಿದ ಸೈಬರ್ ಸೆಂಟರಿನಿಂದ ಹಳೆಯ ಕಂಪ್ಯೂಟರ್ ತಂದ. ಮನೆಯ ಕ್ಯಾಸೆಟ್ಟುಗಳನ್ನೆಲ್ಲ ಅದಕ್ಕೆ ಇಳಿಸಿ, ತನ್ನ ಕೋಣೆಯಿಂದ ನಡುಮನೆಯ ಟಿವಿಗೆ ವೈರು ಎಳೆದ.

"ಇದು ಸರ್ವರ್ ಕಣಮ್ಮಾ."

"ಸರ್ವರ್ ಅಂದ್ರೆ ಹೋಟ್ಲಲ್ಲಿ ಬಡಿಸೋನಲ್ವೇನೋ?" ಎಂದರು ನಮ್ಮ ಅತ್ತೆ.

"ಅದೇಯ. ಇದು ವಿಡಿಯೊ ಬಡಿಸುತ್ತೆ."

ನಟೇಶ ಕೆಲಸಕ್ಕೆ ಹೋದ ಮೇಲೆ ಬಡಿಸುವ ಕೆಲಸ ನನ್ನ ಪಾಲಿಗೆ ಬಂತು. ನಿನಗೆ ಮೌಸ್ ಮುಟ್ಟಲು ಭಯ. ನಾನು ಕಲಿತೆ, ನಿನಗಿಂತ ಒಂದು ವಿಷಯವಾದರೂ ನನಗೆ ಹೆಚ್ಚು ಗೊತ್ತಿರಲಿ ಎಂದೇ ಕಲಿತೆ.

ಯಾರು ಬಂದರೂ ನಿನ್ನ ಮದುವೆಯನ್ನೇ ಹಾಕು ಅನ್ನುತ್ತಿದ್ದರು. ಗಂಡಸಿ ಊರಿನ ನೆಂಟರು ಕಾಫಿ ಲೋಟ ಕೆಳಗಿಡುವ ಮೊದಲೇ ಅದು ಶುರುವಾಗಬೇಕು. ಅದರಲ್ಲಿ ಅತ್ತೆ ಮೈಕಿನ ಮುಂದೆ ನಿಂತು ಹೇಳುವ ಮಾತೊಂದಿತ್ತು: "ನಮ್ಮನೆಗೆ ಮಹಾಲಕ್ಷ್ಮಿ ಈಗ ಬಂದ್ಲು." ಈಗ! ಹಾಗಾದರೆ ಎಂಟು ವರ್ಷದಿಂದ ಆ ಮನೆಯಲ್ಲಿ ಒಲೆ ಹಚ್ಚುತ್ತಿದ್ದವಳು ಯಾರು? ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ನೀನು ಕಾಯುತ್ತಿದ್ದದ್ದು ಬೇರೆ ದೃಶ್ಯಕ್ಕೆ. ನಿನ್ನನ್ನು ಕಳಿಸಿಕೊಡುವಾಗ ನಿನ್ನ ಅಪ್ಪ ನನ್ನ ಕೈ ಹಿಡಿದು, "ನಮ್ಮ ಗಿರಿಜಂಗೆ ಮೂಗಿನ ತುದೀಲೇ ಕೋಪ ಕಣವ್ವಾ. ಬೈಯಿ, ಬುದ್ಧಿ ಹೇಳು. ಮುನಿಸ್ಕೊಂಡು ಉಪಾಸ ಮಲಗಾಕೆ ಮಾತ್ರ ಬಿಡ್ಬೇಡ" ಎನ್ನುತ್ತಿದ್ದರು. ಅದೇ ವರ್ಷ ಅವರು ತೀರಿಕೊಂಡರು. ಅವರ ದನಿ ಬೇರೆಲ್ಲೂ ಇರಲಿಲ್ಲ. ಬೂಷ್ಟು ಹಿಡಿದಿದ್ದ ಆ ಕ್ಯಾಸೆಟ್ಟು, ಕಂಪ್ಯೂಟರಿಗೆ ಇಳಿದ ಮೇಲೆ ಪ್ಲೇಯರಿನೊಳಗೆ ಸಿಕ್ಕಿಕೊಂಡು ಹರಿದೇಹೋಗಿತ್ತು. ಇದೆಲ್ಲ ನನಗೆ ಗೊತ್ತಿತ್ತು.

ಅತ್ತೆಯ ಮಾತೊಂದನ್ನು ಕತ್ತರಿಸಿಬಿಡಬೇಕು — ನನಗೆ ಬೇಕಿದ್ದದ್ದು ಅಷ್ಟೇ. ನೀವೆಲ್ಲ ಬೇಲೂರಿಗೆ ಹೋಗಿದ್ದ ಮಧ್ಯಾಹ್ನ ಕೂತೆ. ಆ ಮಾತಿನ ಮೊದಲು, ಕೊನೆ ಗುರುತು ಮಾಡಿದೆ. ಗುರುತಿಸಿದ್ದನ್ನು ತೆಗೆಯುವ ಬಟನ್ನಿನ ಪಕ್ಕದಲ್ಲೇ, ಗುರುತಿಸಿದ್ದನ್ನು ಮಾತ್ರ ಉಳಿಸುವ ಬಟನ್ನೂ ಇತ್ತು. ನಾನು ಒತ್ತಿದ್ದು ಅದನ್ನು. ಹಳೆಯದರ ಮೇಲೆಯೇ ಬರೆಯಲೇ ಎಂದು ಕಂಪ್ಯೂಟರ್ ಕೇಳಿತು. ಗೇಟಿನ ಸದ್ದಾಯಿತು, ಗಾಬರಿಯಲ್ಲಿ ಹೂಂ ಅಂದೆ. ಬಂದವಳು ಹೂವಿನವಳು. ಅವಳನ್ನು ಕಳಿಸಿ ಬಂದು ನೋಡಿದರೆ ಧಾರೆಯಿಲ್ಲ, ಹಸೆಯಿಲ್ಲ, ನಿನ್ನ ಅಪ್ಪ ಇಲ್ಲ. ಅತ್ತೆಯೊಬ್ಬರೇ ನಿಂತು, ಆ ಒಂದು ಮಾತನ್ನು ಹೇಳಿ ಮುಗಿಸುತ್ತಿದ್ದರು.

ಅದನ್ನೂ ಅಳಿಸಿದೆ. ತಪ್ಪು ಮಾಡಿದೆನೆಂದು ಗೊತ್ತಿತ್ತು, ನಿಜ. ಆದರೆ ಒಂದು ಕ್ಷಣ — ಇನ್ನು ನಿನ್ನ ಹತ್ತಿರವೂ ಇಲ್ಲ, ನನ್ನ ಹತ್ತಿರವೂ ಇಲ್ಲ ಎಂದು — ಒಳಗೆ ತಣ್ಣಗಾಯಿತು, ಗಿರಿಜಾ. ಅದನ್ನು ಮುಚ್ಚಿಟ್ಟರೆ ಈ ಹೇಳಿಕೆಯೂ ಸುಳ್ಳಾಗುತ್ತದೆ.

ಸಂಜೆ ನಟೇಶನಿಗೆ ಹೇಳಿದೆ: "ಡಿಸ್ಕ್ ಕೆಟ್ಟಿದೆ ಅನ್ಸುತ್ತೆ ಕಣೋ."

ಅವನು ನಂಬಿದ. ನೀನು ಅವನ ಮೇಲೆ ಹರಿಹಾಯ್ದೆ: "ಹಳೇದು ತರ್ಬೇಡಿ ಅಂತ ಬಡ್ಕೊಂಡೆ, ಕೇಳಿದ್ರಾ? ನಮ್ಮಪ್ಪನ್ನ ಕಳೆದ್ಬಿಟ್ರಲ್ರೀ!" ನೀನು ಉಣ್ಣದೆ ಮಲಗಿದೆ. ತಟ್ಟೆ ಹಿಡಿದು ನಿನ್ನನ್ನು ಎಬ್ಬಿಸಿದವಳು ನಾನೇ. ಎಂಥ ಒಳ್ಳೆಯ ಹೆಂಗಸು ಎಂದು ಅತ್ತೆ ಹೊಗಳಿದರು.

ಕೆಲವು ತಿಂಗಳ ಮೇಲೆ ನೀನು ನನ್ನ ಹತ್ತಿರ ಬಂದು, "ಅಕ್ಕಾ, ಅಪ್ಪ ನಿಮ್ಗೆ ಹೇಳಿದ್ರಲ್ಲ, ಅದ್ನ ಅವ್ರ ಥರಾನೇ ಒಂದ್ಸಲ ಹೇಳಿ. ನಂಗೆ ದನಿ ಮರ್ತು ಹೋಗ್ತಾ ಐತೆ" ಎಂದೆ. ಗಂಟಲು ದಪ್ಪ ಮಾಡಿಕೊಂಡು ಹೇಳಿದೆ. ನೀನು ಕಣ್ಣೊರೆಸಿಕೊಂಡು ನಕ್ಕೆ. ಆ ಮನೆಯಲ್ಲಿ ನಾನಿಲ್ಲದೆ ಆಗದ ಕೆಲಸವೊಂದು ಕೊನೆಗೂ ಸಿಕ್ಕಿತೆಂದು ನಾನು ಹಿಗ್ಗಿದೆ. ಅಂದಿನಿಂದ ಅವರ ಪ್ರತಿ ಪುಣ್ಯತಿಥಿಗೂ ನೀನು ಕೇಳುತ್ತೀಯ, ನಾನು ಹೇಳುತ್ತೇನೆ.

ಬರಬರುತ್ತಾ ಒಂದೊಂದು ಮಾತು ಸೇರಿಸಿದೆ. ಹೋದ ಸಲ, "ಮಂಗಳವ್ವನಂಥೋಳು ಆ ಮನೇಲಿ ಇನ್ನೊಬ್ರಿಲ್ಲ" ಎಂದೂ ಅವರ ಬಾಯಲ್ಲಿ ಹೇಳಿಸಿದೆ. ಅದು ನಿನ್ನ ಅಪ್ಪನ ಮಾತಲ್ಲ. ನೀನು ಹೌದು ಹೌದು ಎಂದು ತಲೆಯಾಡಿಸಿದೆ — ಅವರು ಹಾಗೆಂದದ್ದು ನಿನಗೂ ನೆನಪಾಯಿತಂತೆ!

ಈ ಸಲದ ಪುಣ್ಯತಿಥಿಗೆ ನೀನು ಕೇಳುವ ಮೊದಲೇ ನಟೇಶನನ್ನೂ ಕೂರಿಸಿಕೊಂಡು ಇದನ್ನೆಲ್ಲ ಹೇಳುತ್ತೇನೆ. ಆಮೇಲೆ ನೀನು ನನ್ನನ್ನು ಏನು ಬೇಕಾದರೂ ಅನ್ನು. ಆ ದನಿಯಲ್ಲಿ ಹೇಳು ಎಂದು ಮಾತ್ರ ಕೇಳಬೇಡ. ಅವರು ಹೇಗೆ ಮಾತಾಡುತ್ತಿದ್ದರೆಂದು ನನಗೂ ಮರೆತುಹೋಗಿದೆ, ಗಿರಿಜಾ. ಬಹಳ ವರ್ಷಗಳಿಂದ ನೀನು ಕೇಳುತ್ತಿರುವುದು ನನ್ನ ದನಿಯನ್ನೇ.